ಕಡಲ ರಕ್ಷಕರ ಭಾವಚಿತ್ರಗಳು

ವರ್ಷದ ಕೊನೆಯಲ್ಲಿ ಕಾಲೇಜುಗಳಲ್ಲಿ ಸಮೂಹಚಿತ್ರ ತೆಗೆಯಿಸುವ ಪದ್ಧತಿಯನ್ನು ಶ್ರೋತೃಗಳೆಲ್ಲರೂ ಬಲ್ಲರು. ಮುಂದಿನ ಸಾಲಿನ ಕುರ್ಚಿಗಳಲ್ಲಿ ಅಧ್ಯಾಪಕವರ್ಗ. ಹಿಂದೆ ಬೆಂಚುಗಳ ಮೇಲೆ ವಿದ್ಯಾರ್ಥಿಗಳು. ಪಟ ತೆಗೆಯುವವನು "ಅಲುಗಬೇಡಿ" ಎಂದೊಡನೆ ನಾವೆಲ್ಲರೂ ನಮ್ಮದಲ್ಲದ ಒಂದು ಗಾಂಭೀರ್ಯವನ್ನು ಮುಖಕ್ಕೆ ತಂದುಕೊಳ್ಳುತ್ತೇವೆ. ಪಟ ಚೌಕಟ್ಟಿನೊಳಗೆ ಸೇರಿ ಗೋಡೆಯನ್ನೇರುತ್ತದೆ. ಹತ್ತು ವರ್ಷ ಕಳೆದ ಮೇಲೆ ಅದರ ಮುಂದೆ ನಿಂತು, ಇವನು ಎಲ್ಲಿರುವನೋ, ಅವನೇನಾದನೋ ಎಂದು ಕೇಳಿಕೊಳ್ಳುತ್ತೇವೆ.

ಈ ಹೊತ್ತು ನಾವು ಹೇಳಹೊರಟಿರುವುದೂ ಇಂಥ ಸಮೂಹಚಿತ್ರಗಳ ವಿಚಾರವನ್ನೇ. ಆದರೆ ಇವುಗಳಲ್ಲಿ ನಿಂತಿರುವವರು ಬ್ರಿಟಿಷ್ ದ್ವೀಪಗಳ ಕರಾವಳಿಯಲ್ಲಿ, ಮುಳುಗುವ ಹಡಗುಗಳ ಜನರನ್ನು ಬದುಕಿಸುವುದಕ್ಕಾಗಿ ಲೈಫ್‌ಬೋಟುಗಳನ್ನೇರಿ ಬಿರುಗಾಳಿಗೆ ಎದುರಾಗಿ ಹೋಗುವವರು. ಅವರ ಪಟದ ಮುಂದೆ ನಿಂತು 'ಅವನೇನಾದನೋ' ಎಂದು ಕೇಳುವುದಕ್ಕೆ ಹತ್ತು ವರ್ಷ ಕಾಯಬೇಕಾಗಿಲ್ಲ. ಒಂದು ರಾತ್ರಿ ಸಾಕು. ನಾವು ಆ ಕಡಲನ್ನು ಕಂಡವರಲ್ಲ, ಚಿತ್ರಗಳನ್ನು ಮಾತ್ರ ಕಂಡವರು. ಎಷ್ಟೋ ಚಿತ್ರಗಳನ್ನು ನೋಡಿದ ಮೇಲೆ ನಮಗೊಂದು ಸಂಗತಿ ಹೊಳೆಯಿತು. ಪ್ರಾಣರಕ್ಷಣೆಯ ಆ ಕ್ಷಣ ಬಹುಮಟ್ಟಿಗೆ ಕ್ಯಾಮೆರಾದ ಕೈಗೆ ಸಿಕ್ಕುವುದಿಲ್ಲ. ಸಿಕ್ಕುವುದು ಹೊರಡುವ ಮುನ್ನ ನಿಂತವನ ಮುಖ, ಇಲ್ಲವೆ ಹಿಂದಿರುಗಿ ಬಂದವನ ಮುಖ. ಹೆಚ್ಚು ಬೆಲೆಯುಳ್ಳದ್ದು ಈ ಮುಖವೇ ಎಂಬುದು ನಮ್ಮ ಅಭಿಪ್ರಾಯ.

ಕ್ಯಾಮೆರಾ ಬರುವುದಕ್ಕೆ ಮುಂಚೆ ಈ ಕೆಲಸ ಕುಂಚದ್ದಾಗಿತ್ತು. 1838ರ ಸೆಪ್ಟೆಂಬರ್ 7ರ ಬೆಳಗ್ಗೆ, ಇಂಗ್ಲೆಂಡಿನ ಈಶಾನ್ಯ ತೀರದಾಚೆಯ ಫಾರ್ನ್ ದ್ವೀಪಗಳಲ್ಲಿ ಫಾರ್ಫರ್‌ಷೈರ್ ಎಂಬ ಉಗಿಹಡಗು ಬಂಡೆಗೆ ಬಡಿದು ಒಡೆಯಿತು. ಲಾಂಗ್‌ಸ್ಟೋನ್ ದೀಪಸ್ತಂಭದ ಕಾವಲುಗಾರನೂ ಅವನ ಮಗಳಾದ ಗ್ರೇಸ್ ಡಾರ್ಲಿಂಗಳೂ ಸಣ್ಣ ದೋಣಿಯೊಂದನ್ನು ಹುಟ್ಟುಹಾಕಿ ಆ ಬಂಡೆಗೆ ಹೋದರು. ಎರಡು ಸಲದ ಪ್ರಯಾಣದಲ್ಲಿ ಬಂಡೆಯ ಮೇಲಿದ್ದ ಒಂಬತ್ತು ಜನರೂ ದೀಪಸ್ತಂಭವನ್ನು ಸೇರಿದರು. ದೇಶವೆಲ್ಲ ಆಕೆಯ ಹೆಸರನ್ನು ಹೊಗಳಿತು. ಹನ್ನೆರಡಕ್ಕೂ ಹೆಚ್ಚು ಮಂದಿ ಚಿತ್ರಕಾರರು ಆ ಒಂಟಿ ದ್ವೀಪಕ್ಕೆ ಬಂದು ಆಕೆಯನ್ನು ಕುಳ್ಳಿರಿಸಿ ಬರೆದುಕೊಂಡರು. ನೆನಪಿಗೆಂದು ಆಕೆಯ ತಲೆಗೂದಲನ್ನು ಬೇಡಿದವರೂ ಉಂಟು. ಡಾಗೇರನು ಕಂಡುಹಿಡಿದ ಛಾಯಾಚಿತ್ರ ವಿಧಾನವು ಲೋಕಕ್ಕೆ ಪ್ರಕಟವಾದದ್ದು ಮರುವರ್ಷ, ಎಂದರೆ 1839ರಲ್ಲಿ. 1842ರಲ್ಲಿ, ಇಪ್ಪತ್ತಾರನೆಯ ವಯಸ್ಸಿನಲ್ಲಿ, ಗ್ರೇಸ್ ಡಾರ್ಲಿಂಗ್ ಕ್ಷಯರೋಗದಿಂದ ತೀರಿಕೊಂಡಳು. ಕಡಲಿನಲ್ಲಿ ಹುಟ್ಟುಹಾಕಿದ್ದಕ್ಕಿಂತ ನೋಡಬಂದವರ ಮುಂದೆ ಕುಳಿತಿರುವುದೇ ಆಕೆಗೆ ಹೆಚ್ಚು ಕಷ್ಟವಾಯಿತೋ ಏನೋ! ಪರಾಕ್ರಮದ ಚಿತ್ರ ಬರೆಯುವವರು ಮೊದಲು ನೆನೆಯಬೇಕಾದ ಪ್ರಸಂಗವಿದು.

ಇದಕ್ಕೂ ಹದಿನಾಲ್ಕು ವರ್ಷ ಮೊದಲೇ, 1824ರ ಮಾರ್ಚ್ 4ರಂದು, ಸರ್ ವಿಲಿಯಂ ಹಿಲರಿ ಎಂಬವರ ಪ್ರಯತ್ನದಿಂದ ಲಂಡನ್ನಿನಲ್ಲಿ ಒಂದು ಸಂಸ್ಥೆ ಹುಟ್ಟಿತ್ತು. 1854ರಿಂದ ಅದಕ್ಕೆ ರಾಯಲ್ ನ್ಯಾಷನಲ್ ಲೈಫ್‌ಬೋಟ್ ಇನ್‌ಸ್ಟಿಟ್ಯೂಷನ್ ಎಂದು ಹೆಸರು. ಸಂಸ್ಥೆ ನಡೆಯುವುದು ಬಹುಮಟ್ಟಿಗೆ ಜನರ ದಾನದಿಂದ. ದೋಣಿಯಲ್ಲಿ ಹೋಗುವವರಲ್ಲಿ ಬಹುತೇಕ ಎಲ್ಲರೂ ಸಂಬಳವಿಲ್ಲದ ಸ್ವಯಂಸೇವಕರು. ಬೆಸ್ತರು, ಬಡಗಿಗಳು, ಅಂಗಡಿಯವರು, ಉಪಾಧ್ಯಾಯರು, ಕರೆ ಬಂದೊಡನೆ ಕೈಯ ಕೆಲಸವನ್ನು ಹಾಗೆಯೇ ಬಿಟ್ಟು ಓಡುತ್ತಾರೆ. ಎರಡು ಶತಮಾನಗಳಲ್ಲಿ ಈ ಸಂಸ್ಥೆ ಉಳಿಸಿದ ಪ್ರಾಣಗಳು 1,46,000ಕ್ಕೂ ಹೆಚ್ಚು.

ಇನ್ನು ವಿಟ್ಬಿ ಎಂಬ ಊರಿಗೆ ಹೋಗೋಣ. ಅದು ಯಾರ್ಕ್‌ಷೈರಿನ ಬೆಸ್ತರ ಬಂದರು. 1861ರ ಫೆಬ್ರವರಿ 9ರಂದು ಎದ್ದ ಬಿರುಗಾಳಿಯಲ್ಲಿ ಹಡಗಿನ ಮೇಲೆ ಹಡಗು ಆ ತೀರಕ್ಕೆ ಬಂದು ಬಡಿಯಿತು. ಊರಿನ ಲೈಫ್‌ಬೋಟಿನವರು ಅದೊಂದೇ ದಿನ ಐದು ಸಲ ಕಡಲಿಗಿಳಿದು ಜನರನ್ನು ದಡಕ್ಕೆ ತಂದರು. ಆರನೆಯ ಸಲ ದೋಣಿ ಮಗುಚಿಕೊಂಡಿತು. ದೋಣಿಯಲ್ಲಿದ್ದವರು ಹದಿಮೂರು ಮಂದಿ. ದಡದ ಮೇಲೆ ನೋಡುತ್ತಿದ್ದ ಹೆಂಡಿರು ಮಕ್ಕಳ ಕಣ್ಣೆದುರಿನಲ್ಲಿಯೇ ಹನ್ನೆರಡು ಮಂದಿ ಮುಳುಗಿಹೋದರು. ಉಳಿದವನು ಹೆನ್ರಿ ಫ್ರೀಮನ್ ಒಬ್ಬನೇ. ಲೈಫ್‌ಬೋಟಿನಲ್ಲಿ ಅವನಿಗೆ ಅದೇ ಮೊದಲ ದಿನ.

ಅವನು ಉಳಿದುದಕ್ಕೆ ಕಾರಣವಿತ್ತು. ನಮ್ಮ ಹಳ್ಳಿಗಳಲ್ಲಿ ಬಾವಿಯಲ್ಲಿ ಈಜು ಕಲಿಯುವ ಹುಡುಗರ ನಡುವಿಗೆ ಒಣಗಿದ ಸೋರೆಬುರುಡೆಯನ್ನೋ ಬೆಂಡನ್ನೋ ಕಟ್ಟುವುದುಂಟಷ್ಟೆ. ಅದೇ ತತ್ತ್ವವನ್ನು ಅನುಸರಿಸಿ, ಸಂಸ್ಥೆಯ ತನಿಖಾಧಿಕಾರಿಯಾಗಿದ್ದ ಕ್ಯಾಪ್ಟನ್ ವಾರ್ಡ್ 1854ರಲ್ಲಿ ಬೆಂಡಿನ ಪಟ್ಟಿಗಳನ್ನು ಹೊಲಿದು ಒಂದು ಕವಚವನ್ನು ಮಾಡಿದ್ದನು. ತೇಲುವುದಕ್ಕೆ ಅದು ಆಧಾರ, ಹುಟ್ಟುಹಾಕುವ ತೋಳಿಗೆ ಅಡ್ಡಿಯಿಲ್ಲ. ಆ ದಿನ ಆ ಹೊಸ ಕವಚವನ್ನು ತೊಟ್ಟಿದ್ದವನು ಫ್ರೀಮನ್ ಒಬ್ಬನೇ. ಆ ಬೆಂಡಿನ ಬೆಲೆ ಎಂಥದೆಂದು ಜನಕ್ಕೆ ತಿಳಿಯಬೇಕಾದರೆ ಹನ್ನೆರಡು ಮನೆಗಳ ದೀಪ ಆರಬೇಕಾಯಿತು.

ಈ ದುರಂತದ ಛಾಯಾಚಿತ್ರವನ್ನು ಹುಡುಕಿ ಫಲವಿಲ್ಲ. ಮುಂದೆ ವಿಟ್ಬಿಯ ಹೆಸರನ್ನು ಲೋಕಪ್ರಸಿದ್ಧಗೊಳಿಸಿದ ಛಾಯಾಗ್ರಾಹಕ ಫ್ರಾಂಕ್ ಮೆಡೋ ಸಟ್‌ಕ್ಲಿಫ್ ಹುಟ್ಟಿದ್ದು 1853ರಲ್ಲಿ. ದೋಣಿ ಮಗುಚಿದ ದಿನ ಅವನಿನ್ನೂ ಏಳೆಂಟು ವರ್ಷದ ಬಾಲಕ. ಅನೇಕ ವರ್ಷಗಳಾದ ಮೇಲೆ ಅವನು ಫ್ರೀಮನನನ್ನು ನಿಲ್ಲಿಸಿ ಪಟ ತೆಗೆದನು. ಗಡ್ಡ ಬೆಳೆದ ಗಟ್ಟಿಮುಟ್ಟಾದ ಆಳು. ಎದೆಯ ಮೇಲೂ ನಡುವಿನ ಸುತ್ತಲೂ ಅದೇ ಬೆಂಡಿನ ಪಟ್ಟಿಗಳು. ಚಿತ್ರದಲ್ಲಿ ಅಲೆಯಿಲ್ಲ, ಮುರಿದ ಹಡಗಿಲ್ಲ, ಕೈಚಾಚಿ ಕೂಗುವವರಿಲ್ಲ. ಸಂಗತಿ ತಿಳಿಯದವನಿಗೆ ಅದು ಯಾರೋ ಒಬ್ಬ ಬೆಸ್ತನ ಪಟ. ತಿಳಿದವನಿಗೆ ಮಾತ್ರ ಅವನ ಅಕ್ಕಪಕ್ಕದ ಬರಿದಾದ ಸ್ಥಳದಲ್ಲಿ ಹನ್ನೆರಡು ಮಂದಿ ನಿಂತಿರುವಂತೆ ತೋರುತ್ತದೆ. ಫ್ರೀಮನ್ ಆ ದಿನದ ಬಳಿಕ ಮನೆಯಲ್ಲಿ ಕುಳಿತುಕೊಳ್ಳಲಿಲ್ಲ. ಅವನು ನಾಲ್ವತ್ತು ವರ್ಷ ಲೈಫ್‌ಬೋಟಿನಲ್ಲಿ ದುಡಿದನು; ಅದರಲ್ಲಿ ಅರ್ಧಕ್ಕೂ ಹೆಚ್ಚು ಕಾಲ ದೋಣಿಯ ಮುಖ್ಯಸ್ಥನಾಗಿದ್ದನು. ಬದುಕಿ ಉಳಿದವನು ಮತ್ತೆ ಅದೇ ಕವಚವನ್ನು ತೊಟ್ಟು ನಿಂತಿರುವುದೇ ಆ ಪಟದ ಕಥೆ.

ಅದೇ ವಿಟ್ಬಿಯ ಬಳಿ 1914ರಲ್ಲಿ ಇನ್ನೊಂದು ದುರಂತ ನಡೆಯಿತು. ನಮ್ಮ ದೇಶಕ್ಕೂ ಅದಕ್ಕೂ ಒಂದು ಎಳೆಯ ಸಂಬಂಧವುಂಟು. ರೋಹಿಲ್ಲಾ ಎಂಬ ಹಡಗು ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಷನ್ ಕಂಪೆನಿಗೆ ಸೇರಿದ್ದು. ನಮ್ಮ ಉತ್ತರದೇಶದ ರೋಹಿಲ್ಲರ ಹೆಸರೇ ಅದರ ಹೆಸರು. ಮಹಾಯುದ್ಧ ಆರಂಭವಾದೊಡನೆ ಅದನ್ನು ಆಸ್ಪತ್ರೆಯ ಹಡಗಾಗಿ ಮಾಡಿದ್ದರು. ಗಾಯಾಳುಗಳನ್ನು ಕರೆತರಲೆಂದು ಡನ್‌ಕರ್ಕಿಗೆ ಹೋಗುತ್ತಿದ್ದಾಗ, ಅಕ್ಟೋಬರ್ 30ರ ಬೆಳಗಿನ ಜಾವದ ಕತ್ತಲೆಯಲ್ಲಿ, ಅದು ಸಾಲ್ಟ್‌ವಿಕ್ ಎಂಬಲ್ಲಿ ಬಂಡೆಯನ್ನೇರಿತು. ಹಡಗಿನಲ್ಲಿದ್ದವರು 229 ಮಂದಿ. ದಡ ಕಣ್ಣಿಗೆ ಕಾಣುವಷ್ಟು ಹತ್ತಿರ. ಆದರೆ ನಡುವಣ ನೀರು ಯಾರನ್ನೂ ದಾಟಗೊಡುವಂತಿರಲಿಲ್ಲ. ಊರಿನವರು ಒಂದು ಲೈಫ್‌ಬೋಟನ್ನು ಬಂಡೆಗಳ ಮೇಲೆ ಎಳೆದು ತಂದರು. ಅದು ಎರಡು ಸಲ ಹೋಗಿ 35 ಜನರನ್ನು ತಂದು, ತಾನೇ ಒಡೆದುಹೋಯಿತು. ಮತ್ತೊಂದು ದೋಣಿಯನ್ನು ಹಗ್ಗ ಕಟ್ಟಿ ಕಡಿದಾದ ಪ್ರಪಾತದಿಂದ ಕೆಳಕ್ಕಿಳಿಸಿದರು. ಕಡೆಗೆ, ಮೂರನೆಯ ದಿನ, ಟೈನ್‌ಮತ್ ಬಂದರಿನಿಂದ ಹೆನ್ರಿ ವರ್ನನ್ ಎಂಬ ಮೋಟಾರು ಲೈಫ್‌ಬೋಟು ರಾತ್ರಿಯಲ್ಲಿ ನಾಲ್ವತ್ತಕ್ಕೂ ಹೆಚ್ಚು ಮೈಲಿ ಬಂದು, ಕಡಲ ಮೇಲೆ ಎಣ್ಣೆ ಸುರಿದು ಅಲೆಯನ್ನು ಸ್ವಲ್ಪ ಅಡಗಿಸಿ, ಉಳಿದಿದ್ದ 50 ಮಂದಿಯನ್ನು ಇಳಿಸಿಕೊಂಡಿತು. ಸತ್ತವರು ಎಂಬತ್ತಕ್ಕೂ ಹೆಚ್ಚು.

ಈ ಮೂರು ದಿನಗಳ ಛಾಯಾಚಿತ್ರಗಳುಂಟು. ಅಂಚೆಕಾರ್ಡುಗಳಾಗಿ ಅವು ಜನರ ಕೈಸೇರಿದುವು. ಎರಡು ತುಂಡಾದ ಹಡಗು, ದಡದಲ್ಲಿ ನೆರೆದ ಜನ, ನೊರೆಯೊಳಗೆ ನುಗ್ಗಿ ಬದುಕಿದವರನ್ನು ಎಳೆದು ತರುವವರು. ಅವುಗಳನ್ನು ನೋಡುವಾಗ ನಮ್ಮ ಮನಸ್ಸಿನಲ್ಲಿ ಒಂದು ಕಸಿವಿಸಿ ಹುಟ್ಟುತ್ತದೆ. ಹಗ್ಗಕ್ಕೆ ಕೈಗಳು ಸಾಲದೆ ಇರುವಾಗ ಒಬ್ಬನು ಕ್ಯಾಮೆರಾ ಹಿಡಿದು ನಿಂತಿದ್ದನಲ್ಲವೆ? ಪರರ ಸಂಕಟವು ನಮಗೆ ಚಿತ್ರವಾಗಬಹುದೆ? ಹಾಗೆಂದು ಅವನನ್ನು ಹಳಿಯುವುದಕ್ಕೂ ನಮಗೆ ಧೈರ್ಯ ಸಾಲದು. ಅವನು ತೆಗೆಯದೆ ಇದ್ದಿದ್ದರೆ, ಆ ಕೊರೆಯುವ ನೀರಿನಲ್ಲಿ ಎದೆಯ ಮಟ್ಟ ನಿಂತ ಹೆಸರಿಲ್ಲದ ಜನರನ್ನು ನಾವು ಈ ಹೊತ್ತು ಕಾಣುತ್ತಿರಲಿಲ್ಲ. ಹುಟ್ಟುಹಾಕುವ ದೋಣಿಯ ಕಾಲ ತೀರಿತು, ಮೋಟಾರು ದೋಣಿಯೇ ಬೇಕು ಎಂದು ಜನ ಒಪ್ಪುವುದಕ್ಕೂ ಇಂಥ ಪ್ರಸಂಗಗಳು ಕಣ್ಣಿಗೆ ಕಟ್ಟಬೇಕಾಗಿದ್ದುವು. ಜನರ ದಾನವನ್ನೇ ನಂಬಿದ ಕೆಲಸಕ್ಕೆ ಜನರ ಕಣ್ಣು ಬೇಕು. ಹಗ್ಗ ಮೊದಲು, ಕ್ಯಾಮೆರಾ ಆಮೇಲೆ ಎಂಬ ಕ್ರಮವೊಂದನ್ನು ಮರೆಯದಿದ್ದರೆ ಸಾಕು.

ಈ ಕ್ರಮವನ್ನು ಬದುಕಿನಲ್ಲಿಯೇ ಅನುಸರಿಸಿದವರೊಬ್ಬರು ನೈಜೆಲ್ ಮಿಲಾರ್ಡ್. ಇವರು ಡೆವನ್ ಪ್ರಾಂತದ ಟಾರ್ಬೇ ಠಾಣೆಯಲ್ಲಿ ಸ್ವತಃ ಲೈಫ್‌ಬೋಟಿನ ಸ್ವಯಂಸೇವಕರಾಗಿದ್ದು ಪಟ ತೆಗೆದರು. ಅವರ ಚಿತ್ರಗಳು 2013ರಲ್ಲಿ ಪುಸ್ತಕವಾಗಿ ಬಂದುವು. ಈಗಂತೂ ಅನೇಕ ದೋಣಿಯವರ ಶಿರಸ್ತ್ರಾಣದಲ್ಲಿಯೇ ಪುಟ್ಟ ಕ್ಯಾಮೆರಾ ಇರುತ್ತದೆ. ಅದು ಕೈಯನ್ನು ಬೇಡದು. ಕೈ ಹಗ್ಗಕ್ಕೆ ಮೀಸಲು.

ಆದರೂ ಕಡಲಿನ ಕೆಲವು ರಾತ್ರಿಗಳಿಗೆ ಚಿತ್ರವೆಂಬುದಿಲ್ಲ. 1981ರ ಡಿಸೆಂಬರ್ 19ರ ರಾತ್ರಿ ಕಾರ್ನ್‌ವಾಲಿನ ತೀರದಲ್ಲಿ ಯೂನಿಯನ್ ಸ್ಟಾರ್ ಎಂಬ ಹಡಗಿನ ಎಂಜಿನ್ ನಿಂತುಹೋಯಿತು. ಮೌಸ್‌ಹೋಲ್ ಎಂಬ ಹಳ್ಳಿಯಿಂದ ಎಂಟು ಮಂದಿ ಸಾಲಮನ್ ಬ್ರೌನ್ ಎಂಬ ಲೈಫ್‌ಬೋಟಿನಲ್ಲಿ ಹೊರಟರು. ಹೊರಡುವಾಗ ತಂದೆಯೊಡನೆ ಮಗನೂ ಬಂದು ನಿಂತನಂತೆ. ಇಂಥ ರಾತ್ರಿಯಲ್ಲಿ ಒಂದು ಮನೆಯಿಂದ ಇಬ್ಬರು ಬೇಡವೆಂದು ದೋಣಿಯ ಮುಖ್ಯಸ್ಥನು ಮಗನನ್ನು ದಡದಲ್ಲಿಯೇ ಬಿಟ್ಟನು. ನಾಲ್ವರನ್ನು ಇಳಿಸಿಕೊಂಡಿದ್ದೇವೆ ಎಂಬ ಸುದ್ದಿ ರೇಡಿಯೋದಲ್ಲಿ ಬಂದಿತು. ಬಳಿಕ ಮಾತಿಲ್ಲ. ದೋಣಿಯ ಎಂಟು ಮಂದಿ, ಹಡಗಿನ ಎಂಟು ಮಂದಿ, ಹದಿನಾರು ಜನರಲ್ಲಿ ಯಾರೂ ಉಳಿಯಲಿಲ್ಲ. ಕ್ಯಾಮೆರಾ ಕುರುಡಾದ ಆ ಕತ್ತಲೆಯಲ್ಲಿ ಸಾಕ್ಷಿಯಾಗಿ ನಿಂತದ್ದು ಧ್ವನಿಯೊಂದೇ. ಧ್ವನಿಯ ಮೂಲಕವೇ ತಮ್ಮೊಡನೆ ಮಾತನಾಡುತ್ತಿರುವ ನಮಗೆ ಈ ಮಾತು ವಿಶೇಷವಾಗಿ ನಾಟುತ್ತದೆ. ಒಂದು ದಿನದೊಳಗೆ ಅದೇ ಹಳ್ಳಿಯಿಂದ ಹೊಸ ತಂಡಕ್ಕೆ ಬೇಕಾದಷ್ಟು ಜನ ಮುಂದೆ ಬಂದರು. ದಡದಲ್ಲಿ ಉಳಿದ ಆ ಮಗನೇ ಮುಂದೆ ಆ ಠಾಣೆಯ ದೋಣಿಗೆ ಮುಖ್ಯಸ್ಥನಾದನು. ಇಂದಿಗೂ ಪ್ರತಿವರ್ಷ ಆ ರಾತ್ರಿ ಮೌಸ್‌ಹೋಲಿನ ಬಂದರಿನಲ್ಲಿ ಕ್ರಿಸ್ಮಸ್ ದೀಪಗಳನ್ನು ಒಂದು ಗಂಟೆಯ ಕಾಲ ತಗ್ಗಿಸುತ್ತಾರೆ.

ಈಗ ಕೊನೆಯದಾಗಿ ಜ್ಯಾಕ್ ಲೋ ಎಂಬ ಛಾಯಾಗ್ರಾಹಕರ ಕೆಲಸ. ಇವರು 2015ರಲ್ಲಿ ಒಂದು ಸಂಕಲ್ಪವನ್ನು ಮಾಡಿದರು: ಬ್ರಿಟನ್ ಮತ್ತು ಐರ್ಲೆಂಡುಗಳ 238 ಲೈಫ್‌ಬೋಟ್ ಠಾಣೆಗಳಿಗೂ ಹೋಗಿ ಅಲ್ಲಿನ ತಂಡಗಳ ಪಟವನ್ನು ಗಾಜಿನ ಮೇಲೆ ತೆಗೆಯುವುದು. ಸೇವೆಯಿಂದ ನಿವೃತ್ತವಾದ ಆಂಬುಲೆನ್ಸ್ ವಾಹನವೇ ಅವರ ಕತ್ತಲೆಕೋಣೆ. ನೂರು ವರ್ಷ ಹಳೆಯದಾದ ಮರದ ಕ್ಯಾಮೆರಾ ಅವರ ಸಾಧನ. ಹಿಡಿದ ವಿಧಾನವೋ ಫ್ರೆಡರಿಕ್ ಸ್ಕಾಟ್ ಆರ್ಚರ್ 1851ರಲ್ಲಿ ಪ್ರಕಟಿಸಿದ್ದು. ಗಾಜಿನ ಹಲಗೆಯ ಮೇಲೆ ಕೊಲೋಡಿಯನ್ ಎಂಬ ಅಂಟುದ್ರವವನ್ನು ಹರಡಿ, ಸಿಲ್ವರ್ ನೈಟ್ರೇಟ್ ದ್ರಾವಣದಲ್ಲಿ ಅದ್ದಿ, ಹಸಿಯಾಗಿರುವಾಗಲೇ ಕ್ಯಾಮೆರಾದಲ್ಲಿಟ್ಟು, ಹಸಿ ಆರುವುದರೊಳಗೆ ಕತ್ತಲೆಕೋಣೆಗೆ ಒಯ್ದು ಮೂಡಿಸಬೇಕು. ಕ್ಷಣಕ್ಕೊಂದು ಚಿತ್ರ ತೆಗೆಯುವ ಈ ಕಾಲದಲ್ಲಿ ಈ ಪ್ರಯಾಸವೇಕೆಂದು ಯಾರಾದರೂ ಕೇಳಬಹುದು.

ಉತ್ತರ ಆ ಚಿತ್ರಗಳಲ್ಲಿಯೇ ಇದೆ. ಕೊಲೋಡಿಯನ್ ಹಲಗೆಗೆ ಬೆಳಕು ಸಾಲುವುದಕ್ಕೆ ಕೆಲವು ಸೆಕೆಂಡುಗಳು ಬೇಕು. ಅಷ್ಟು ಹೊತ್ತು ತಂಡದವರು ಅಲುಗದೆ ನಿಲ್ಲಬೇಕು. ಕರೆ ಬಂದೊಡನೆ ಓಡುವುದೇ ಧರ್ಮವಾದ ಜನರು ಒಂದಿಷ್ಟು ಕಾಲ ನಿಶ್ಚಲವಾಗುತ್ತಾರೆ. ನಗುವನ್ನು ಅಷ್ಟು ಹೊತ್ತು ಹಿಡಿದಿರಿಸಲಾಗದು. ಆದುದರಿಂದ ಅದು ತಾನಾಗಿ ಜಾರಿ, ಒಳಗಿನ ಮುಖ ಮೇಲಕ್ಕೆ ಬರುತ್ತದೆ. ಕೊಲೋಡಿಯನ್ನಿಗೆ ಹಳದಿ ಬಣ್ಣ ಕಪ್ಪಾಗಿ ಕಾಣುವುದರಿಂದ, ದೂರಕ್ಕೆ ಎದ್ದು ತೋರಬೇಕೆಂದು ಮಾಡಿದ ಹಳದಿಯ ಉಡುಪು ಹಿಂದೆ ಸರಿದು, ಮುಖವೊಂದೇ ಉಳಿಯುತ್ತದೆ. ಆಮೇಲೆ ಲೋ ಅವರು ತಂಡದವರನ್ನೇ ಹತ್ತಿರ ಕರೆದು, ದ್ರವದೊಳಗೆ ಅವರ ಚಿತ್ರ ಮೂಡುವುದನ್ನು ಅವರಿಗೇ ತೋರಿಸುವರು. ಅಲೆಗೆ ಅಂಜದವರೂ ಆಗ ಕಣ್ಣೀರು ತಂದುಕೊಂಡದ್ದುಂಟು. ಏನನ್ನು ನೆನೆದು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಹಿಂದಿನ ತಂಡಗಳವರೂ ಹೀಗೆಯೇ ಸಾಲಾಗಿ ನಿಂತು ಪಟ ತೆಗೆಯಿಸಿಕೊಂಡಿದ್ದರು.

ನಮ್ಮ ಮುರ್ಡೇಶ್ವರ, ಮಲ್ಪೆ ಮೊದಲಾದ ಕಡಲತೀರಗಳಿಗೂ ತಾವು ಹೋಗಿರಬಹುದು. ಅಲ್ಲಿ ಪಟ ತೆಗೆದುಕೊಳ್ಳುವವರಿಗೆ ಕೊರತೆಯಿಲ್ಲ. ಎಲ್ಲರೂ ಕಡಲಿಗೆ ಬೆನ್ನುಮಾಡಿ ನಗುತ್ತಾರೆ. ಕಡಲನ್ನೇ ನೋಡುತ್ತ ನಿಂತಿರುವವನು ತೀರದ ರಕ್ಷಕನೊಬ್ಬ. ಮುಂದಿನ ಸಲ ಹೋದಾಗ ಅವನ ಅಪ್ಪಣೆ ಕೇಳಿ, ಅವನ ಕೆಲಸಕ್ಕೆ ಅಡ್ಡಬಾರದೆ, ಅವನದೂ ಒಂದು ಪಟವನ್ನು ತೆಗೆದುಕೊಳ್ಳಿ. ಹೆಸರನ್ನು ಕೇಳಿ ಹಿಂದೆ ಬರೆದಿಡಿ. ಅವನು ನೀರಿಗೆ ಧುಮುಕುವುದನ್ನು ಕಾಯಬೇಡಿ. ಸುಮ್ಮನೆ ನಿಂತಿರುವಾಗಲೇ ತೆಗೆಯಿರಿ.