ನೇಗಿಲಿಗೆ ಮರಳುವ ದಾರಿ



ರೋಮ್‌ನ ಸಿನ್ಸಿನಾಟಸ್ ಕಥೆಯನ್ನು ನಿಮ್ಮಲ್ಲಿ ಕೆಲವರಾದರೂ ಓದಿರುತ್ತೀರಿ. ಹೊಲ ಉಳುತ್ತಿದ್ದವನನ್ನು ಕರೆದು ಸೇನೆಯನ್ನು ಒಪ್ಪಿಸಿದರಂತೆ. ಆತ ಶತ್ರುವನ್ನು ಸೋಲಿಸಿ, ಹದಿನಾರನೆಯ ದಿನ ಅಧಿಕಾರ ಬಿಟ್ಟು ಮತ್ತೆ ನೇಗಿಲು ಹಿಡಿದನಂತೆ. ಅಮೆರಿಕದವರಿಗೆ ಈ ಕಥೆ ಬಲು ಪ್ರಿಯ. ಆದರೆ ಮನೆಗೆ ಬಂದ ಮೊದಲ ರಾತ್ರಿ ಆತನಿಗೆ ನಿದ್ದೆ ಹತ್ತಿತೇ ಎಂಬುದನ್ನು ಯಾರೂ ಬರೆದಿಡಲಿಲ್ಲ. ನಮ್ಮಲ್ಲೂ ಅಷ್ಟೆ. ಕಾಳಗದಲ್ಲಿ ಮಡಿದವನಿಗೆ ವೀರಗಲ್ಲು ನಿಲ್ಲಿಸಿದೆವು. ಬದುಕಿ ಬಂದವನು ಮುಂದೆ ಹೇಗೆ ಬಾಳಿದ ಎಂದು ಕೇಳಿದರೆ ಆ ಕಲ್ಲುಗಳು ಏನೂ ಹೇಳುವುದಿಲ್ಲ.

ಸಿನ್ಸಿನಾಟಸ್‌ನ ಹಾಗೆ ಕಸುಬು ಬಿಟ್ಟು ಯುದ್ಧಕ್ಕೆ ಹೋಗುವವರ ಪಡೆಯೊಂದು ಅಮೆರಿಕದಲ್ಲಿದೆ, ನ್ಯಾಷನಲ್ ಗಾರ್ಡ್. ಅದು ತನ್ನ ಹುಟ್ಟನ್ನು 1636ರ ಮ್ಯಾಸಚೂಸೆಟ್ಸ್‌ನ ಊರಪಡೆಗಳಲ್ಲಿ ಗುರುತಿಸಿಕೊಳ್ಳುತ್ತದೆ. ಇಂದು ಅದರಲ್ಲಿರುವವರು ರೈತರು, ಮೇಷ್ಟರು, ಪೊಲೀಸರು, ಟ್ರಕ್ ಚಾಲಕರು. ತಿಂಗಳಿಗೊಂದು ವಾರಾಂತ್ಯ, ವರ್ಷಕ್ಕೆ ಎರಡು ವಾರ ಕವಾಯತು. ಉಳಿದ ದಿನ ಅವರವರ ಕಸುಬು. ವಿಯೆಟ್ನಾಂ ಯುದ್ಧಕ್ಕೆ ಇವರಲ್ಲಿ ಹೋದವರು ತೀರ ಕಡಿಮೆ. 1973ರಲ್ಲಿ ಕಡ್ಡಾಯ ಸೈನ್ಯಭರ್ತಿ ನಿಂತಿತು. ಇನ್ನು ಮುಂದೆ ಇವರನ್ನು ಬಿಟ್ಟು ದೊಡ್ಡ ಯುದ್ಧ ಮಾಡುವಂತಿಲ್ಲ ಎಂಬ ಹಾಗೆ ಸೇನೆಯನ್ನು ಕಟ್ಟಿದರು. ಅದರ ಪರಿಣಾಮ ಕಂಡದ್ದು ಇರಾಕ್ ಯುದ್ಧದಲ್ಲಿ: ಇವರೂ ಹೋಗಬೇಕಾಯಿತು.

ಮರಳಿ ಬರುವುದಕ್ಕೂ ಒಂದು ಚರಿತ್ರೆ ಇದೆ. ಎರಡನೆಯ ಮಹಾಯುದ್ಧ ಮುಗಿಸಿದವರು ಹಡಗಿನಲ್ಲಿ ಬಂದರು. ದಾರಿಯುದ್ದಕ್ಕೂ ಜೊತೆಗಾರರು, ಕಟ್ಟೆಪುರಾಣಕ್ಕೆ ಬೇಕಾದಷ್ಟು ಹೊತ್ತು. ವಿಯೆಟ್ನಾಂನಿಂದ ಬಂದವರು ತಮ್ಮ ಸರದಿ ಮುಗಿದೊಡನೆ ಒಬ್ಬೊಬ್ಬರೇ ವಿಮಾನ ಹತ್ತಿದರು. ಎರಡು ಮೂರು ದಿನದಲ್ಲಿ ಕಾಡಿನಿಂದ ಅಡುಗೆಮನೆಗೆ. ಅವರ ಸಂಕಟಕ್ಕೆ ‘ಪಿಟಿಎಸ್‌ಡಿ’ (ಆಘಾತದ ನಂತರವೂ ಉಳಿಯುವ ಮಾನಸಿಕ ಯಾತನೆ) ಎಂಬ ಹೆಸರು ವೈದ್ಯರ ಕೈಪಿಡಿಯೊಳಗೆ ಸೇರಿದ್ದು 1980ರಲ್ಲಿ.

ಪೂರ್ಣಾವಧಿ ಸೈನಿಕ ಹಿಂತಿರುಗುವುದು ದಂಡುಪ್ರದೇಶಕ್ಕೆ. ಪಕ್ಕದ ಮನೆಯವನೂ ಯುದ್ಧಕ್ಕೆ ಹೋಗಿಬಂದವನೇ, ಆಸ್ಪತ್ರೆಯೂ ಅಲ್ಲೇ. ಗಾರ್ಡ್‌ನವನು ಇಳಿಯುವುದು ತನ್ನ ಸಣ್ಣ ಊರಿನಲ್ಲಿ. ಅಲ್ಲಿ ಇರಾಕ್ ಕಂಡವನು ಅವನೊಬ್ಬನೇ. ರಸ್ತೆ ಬದಿಯ ಬಾಂಬಿಗೆ ಹೆದರಿ ರಸ್ತೆ ನಡುವೆಯೇ ಗಾಡಿ ಓಡಿಸಿ ಅಭ್ಯಾಸವಾದವರು ಊರಲ್ಲೂ ಹಾಗೇ ಓಡಿಸಿದ್ದುಂಟು. ಇದರ ಮೇಲೆ ಆಗ ಒಂದು ವಿಚಿತ್ರ ನಿಯಮವಿತ್ತು: ಬಂದವರು ದಣಿದಿರುತ್ತಾರೆ, ಸುಮಾರು ಮೂರು ತಿಂಗಳು ಕವಾಯತಿಗೆ ಕರೆಯಬೇಡಿ! ದಯೆಯಿಂದ ಮಾಡಿದ ನಿಯಮವೇ. ಆದರೆ ಗೆಳೆಯರು ಅತಿ ಅಗತ್ಯವಾಗಿದ್ದ ಹೊತ್ತಿಗೇ ಅದು ಅವರನ್ನು ಚದುರಿಸಿಬಿಟ್ಟಿತು.

ಈ ನಿಯಮವನ್ನು ಮುರಿದದ್ದು ಮಿನೆಸೋಟ ರಾಜ್ಯ. ಅಲ್ಲಿಯ ‘ರೆಡ್ ಬುಲ್ಸ್’ ಬ್ರಿಗೇಡ್‌ನಲ್ಲಿ ಆ ರಾಜ್ಯದವರೇ ಸುಮಾರು 2,600 ಮಂದಿ. 2007ರ ಜನವರಿಯಲ್ಲಿ, ಇನ್ನೇನು ಇರಾಕ್‌ನಿಂದ ಮನೆಗೆ ಹೊರಡಬೇಕು ಎನ್ನುವಾಗ, ಅವರ ಅವಧಿಯನ್ನು 125 ದಿನ ಹೆಚ್ಚಿಸಿದರು. ತರಬೇತಿಯೂ ಸೇರಿ 22 ತಿಂಗಳು ಮನೆಯಿಂದ ದೂರ. ಸಿನ್ಸಿನಾಟಸ್‌ನ ಹದಿನಾರು ದಿನದ ಪಕ್ಕ ಇಟ್ಟು ನೋಡಿ! ಮಿನೆಸೋಟದಲ್ಲಿ ಜಾನ್ ಮಾರಿಸ್ ಎಂಬ ಸೇನಾ ಪಾದ್ರಿ ಮತ್ತು ಗಾರ್ಡ್‌ನ ಮುಖ್ಯಸ್ಥ ಲ್ಯಾರಿ ಶೆಲಿಟೊ ಹಟ ಹಿಡಿದು ಬೇರೆ ಏರ್ಪಾಡು ಮಾಡಿದರು. ಬಂದ 30, 60, 90ನೆಯ ದಿನಗಳಲ್ಲಿ ಎಲ್ಲರೂ ಮತ್ತೆ ಸೇರಬೇಕು. ಮೊದಲ ಸಲ ಮನೆಯವರೊಂದಿಗೆ ಬಂದು ಸಂಸಾರದ ಮಾತು. ಎರಡನೆಯ ಸಲ ಸಿಟ್ಟು, ಕುಡಿತ, ಜೂಜು. ಮೂರನೆಯ ಸಲ ಆರೋಗ್ಯ ತಪಾಸಣೆ. ಬಂದ ವಾರದಲ್ಲೇ ಕೇಳಿದರೆ ಎಲ್ಲರೂ ‘ಚೆನ್ನಾಗಿದ್ದೀನಿ ಸಾರ್’ ಎನ್ನುತ್ತಾರೆ. ಇಲ್ಲ ಎಂದರೆ ಮನೆಗೆ ಹೋಗುವುದು ತಡವಾದೀತಲ್ಲ! ನಿಜ ಹೊರಬರಲು ತಿಂಗಳುಗಳು ಬೇಕು. ಇಡೀ ಏರ್ಪಾಡಿನ ಜಾಣತನ ಇರುವುದು ಇಲ್ಲಿಯೇ.

ಅದಕ್ಕೆ ‘ಹಳದಿ ರಿಬ್ಬನ್ನಿನ ಆಚೆಗೆ’ ಎಂದು ಹೆಸರಿಟ್ಟರು. ದೂರ ಹೋದವರಿಗಾಗಿ ಮರಕ್ಕೆ ಹಳದಿ ರಿಬ್ಬನ್ ಕಟ್ಟಿ ಕಾಯುವುದು ಅಲ್ಲಿಯ ವಾಡಿಕೆ. ಕಟ್ಟಿದ್ದು ಸಾಕು, ಮುಂದೇನು ಎಂಬುದು ಪ್ರಶ್ನೆ. ಫಾರ್ಮಿಂಗ್ಟನ್‌ನಂಥ ಊರುಗಳಲ್ಲಿ ಪುರಸಭೆ, ಚರ್ಚು, ಶಾಲೆ, ಅಂಗಡಿಯವರು ಒಟ್ಟಾಗಿ ಸೈನಿಕರ ಮನೆಗಳ ಬೇಕುಬೇಡ ನೋಡಿಕೊಂಡರು.

ಸರ್ಕಾರಿ ಕಾಗದಪತ್ರ ಮಾತ್ರ ತನ್ನ ಜಾಡು ಬಿಡಲಿಲ್ಲ. ವಿದ್ಯಾಭ್ಯಾಸದ ಹೆಚ್ಚಿನ ನೆರವಿಗೆ 730 ದಿನ ಸೇವೆ ಬೇಕಿತ್ತು. ಇವರಲ್ಲಿ ಅನೇಕರ ಆದೇಶದಲ್ಲಿ ಇದ್ದದ್ದು 729. ಒಂದು ದಿನ ಕಡಿಮೆ! ಪತ್ರಿಕೆಗಳಲ್ಲಿ ದೊಡ್ಡ ಗದ್ದಲವೇ ಎದ್ದಿತು. ಏರ್ಪಾಡು ಮಾತ್ರ ಹರಡಿತು: 2008ರ ಜನವರಿಯಲ್ಲಿ ಅಮೆರಿಕ ಸಂಸತ್ತಿನ ರಕ್ಷಣಾ ಕಾನೂನು ಮಿನೆಸೋಟದ ಪದ್ಧತಿಯನ್ನು ದೇಶಕ್ಕೆಲ್ಲ ವಿಸ್ತರಿಸಿತು.

ನಮ್ಮಲ್ಲೂ ಇಂಥ ಪಡೆ ಇದೆ, ಟೆರಿಟೋರಿಯಲ್ ಆರ್ಮಿ. 1949ರ ಅಕ್ಟೋಬರ್ 9ರಂದು ರಾಜಾಜಿಯವರು ಉದ್ಘಾಟಿಸಿದ್ದು. 1962, 65, 71ರ ಯುದ್ಧಗಳಲ್ಲಿ ದುಡಿದ ಪಡೆ. ಸೇವೆಗೆ ಹೋದವನ ನೌಕರಿಯನ್ನು ಮಾಲೀಕ ಉಳಿಸಿಕೊಡಬೇಕು ಎಂದು ನಮ್ಮ ಕಾನೂನೂ ಹೇಳುತ್ತದೆ. ಕಾನೂನು ಕುರ್ಚಿ ಕೊಡಿಸೀತು, ಅಷ್ಟೆ. ನಿಮ್ಮ ಕಚೇರಿಗೋ ಕಾರ್ಖಾನೆಗೋ ಹಾಗೆ ಹೋಗಿಬಂದವರು ಇದ್ದರೆ, ಮೊದಲ ವಾರವೇ ರಾತ್ರಿ ಪಾಳಿ ಹಾಕಬೇಡಿ. ಹೇಗಿದ್ದೀರಿ ಎಂದು ಬಂದ ದಿನ ಕೇಳಿರುತ್ತೀರಿ. ಮೂರು ತಿಂಗಳು ಬಿಟ್ಟು ಇನ್ನೊಮ್ಮೆ ಕೇಳಿ.