ಮನೆಯ ಫೋನು, ನನ್ನ ಫೋನು



ಮಕ್ಕಳಿಗೆ ಯಾವ ವಯಸ್ಸಿನಲ್ಲಿ ಸ್ವಂತ ಮೊಬೈಲ್ ಫೋನು ಕೊಡಿಸಬೇಕು ಎಂಬ ಪ್ರಶ್ನೆಯನ್ನು ಸಾಮಾನ್ಯವಾಗಿ ತಂದೆತಾಯಿಗಳ ಮುಂದೆ ಇಡುತ್ತಾರೆ. ವೈದ್ಯರು ಅವರಿಗೆ ಸಲಹೆ ಕೊಡುತ್ತಾರೆ. ಶಿಕ್ಷಕರು ಪಾಲಕರ ಸಭೆಯಲ್ಲಿ ಅವರಿಗೇ ಎಚ್ಚರಿಕೆ ಹೇಳುತ್ತಾರೆ. ಫೋನು ಯಾರ ಕೈ ಸೇರಬೇಕೋ ಅವರನ್ನು ಮಾತ್ರ ಯಾರೂ ಕೇಳುವುದಿಲ್ಲ. ಆದ್ದರಿಂದ ಇಂದಿನ ಮಾತುಗಳನ್ನು ನೇರವಾಗಿ ನಿಮಗೇ ಹೇಳಬೇಕೆಂದಿದ್ದೇನೆ. ನಿಮ್ಮಲ್ಲಿ ಕೆಲವರು ರಾಯಚೂರು ನಗರದಲ್ಲಿ ಓದುತ್ತಿರಬಹುದು. ಕೆಲವರು ಮಾನ್ವಿಯಿಂದ ದಿನವೂ ಬಸ್ಸು ಹತ್ತಿ ಬರುವವರಿರಬಹುದು. ಇನ್ನು ಕೆಲವರು ದೇವದುರ್ಗ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಅಜ್ಜಿಯ ಜೊತೆಗಿರಬಹುದು. ಪ್ರಶ್ನೆ ಒಂದೇ ಎಂದು ಮೇಲುನೋಟಕ್ಕೆ ಕಂಡರೂ ಈ ಮೂವರಿಗೂ ಅದು ಒಂದೇ ಅಲ್ಲ.

ಮೊದಲು ಸ್ವಲ್ಪ ಹಿಂದಿನ ಮಾತು. 2020ರ ಮಾರ್ಚ್ ತಿಂಗಳಲ್ಲಿ ಕೋವಿಡ್ ಕಾರಣದಿಂದ ಶಾಲೆಗಳು ಮುಚ್ಚಿದ್ದು ನಿಮಗೆ ನೆನಪಿರಬಹುದು. ಆಗ ಹಲವು ಖಾಸಗಿ ಶಾಲೆಗಳು ಫೋನಿನ ಮೂಲಕವೇ ಪಾಠ ಆರಂಭಿಸಿದವು. ಅಕ್ಷರ ತಿದ್ದುವ ಮಕ್ಕಳೂ ಗಂಟೆಗಟ್ಟಲೆ ಪರದೆಯ ಮುಂದೆ ಕೂರಬೇಕಾಯಿತು. ಇದು ಸರಿಯಲ್ಲವೆಂದು ರಾಜ್ಯ ಸರ್ಕಾರವು ಜೂನ್ 15ರಂದು ಆದೇಶ ಹೊರಡಿಸಿ, ಎಲ್‌ಕೆಜಿಯಿಂದ 5ನೇ ತರಗತಿಯವರೆಗೆ ಆನ್‌ಲೈನ್ ಪಾಠಗಳನ್ನು ನಿಲ್ಲಿಸಿತು. ಕೆಲವು ಪೋಷಕರು ಉಚ್ಚ ನ್ಯಾಯಾಲಯಕ್ಕೆ ಹೋದರು. ಮುಖ್ಯ ನ್ಯಾಯಮೂರ್ತಿ ಅಭಯ್ ಶ್ರೀನಿವಾಸ್ ಓಕ ಅವರಿದ್ದ ಪೀಠವು ಜುಲೈ 8ರಂದು, ಈ ನಿರ್ಬಂಧವು ಸಂವಿಧಾನದ 21 ಮತ್ತು 21ಎ ವಿಧಿಗಳಿಗೆ, ಅಂದರೆ ಬದುಕುವ ಹಕ್ಕಿಗೂ ಶಿಕ್ಷಣದ ಹಕ್ಕಿಗೂ ಮೇಲ್ನೋಟಕ್ಕೆ ಧಕ್ಕೆ ತರುತ್ತದೆ ಎಂದು ಹೇಳಿ ಅದಕ್ಕೆ ತಡೆ ನೀಡಿತು. ಎಳೆಯ ಕಣ್ಣುಗಳ ಚಿಂತೆ ಒಂದು ಕಡೆ, ಓದುವ ಹಕ್ಕಿನ ಚಿಂತೆ ಇನ್ನೊಂದು ಕಡೆ. ಎರಡೂ ನ್ಯಾಯವಾದ ಚಿಂತೆಗಳೇ.

ಆದರೆ ಫೋನೇ ಇಲ್ಲದ ಮನೆಯ ಮಕ್ಕಳ ಗತಿಯೇನು? ಅವರಿಗಾಗಿ ಅದೇ ಆಗಸ್ಟ್‌ನಲ್ಲಿ ‘ವಿದ್ಯಾಗಮ’ ಎಂಬ ಕಾರ್ಯಕ್ರಮ ಬಂತು. ಸರ್ಕಾರಿ ಶಾಲೆಯ ಶಿಕ್ಷಕರು ಮಕ್ಕಳಿದ್ದಲ್ಲಿಗೇ ಹೋಗಿ, ಗುಡಿಯ ಅಂಗಳದಲ್ಲಿ, ಮರದ ನೆರಳಿನಲ್ಲಿ ಪಾಠ ಹೇಳಿದರು. ಅದಕ್ಕಾಗಿ ಮಕ್ಕಳನ್ನು ಮೂರು ಗುಂಪು ಮಾಡಬೇಕಾಯಿತು: ಮನೆಯಲ್ಲಿ ಇಂಟರ್ನೆಟ್ ಇರುವ ಸ್ಮಾರ್ಟ್‌ಫೋನ್ ಉಳ್ಳವರು, ಬರೀ ಮಾತಾಡುವ ಫೋನ್ ಉಳ್ಳವರು, ಯಾವುದೂ ಇಲ್ಲದವರು. ಈ ಗುಂಪುಗಳಿಗೆ ‘ಕಾಲ್ಪನಿಕ ಕೊಠಡಿ’ ಎಂದು ಹೆಸರು. ಯಾವ ತರಗತಿ ಎಂದು ಕೇಳುವ ಬದಲು ಮನೆಯಲ್ಲಿ ಎಂಥ ಫೋನಿದೆ ಎಂದು ಕೇಳಿ ಮಕ್ಕಳನ್ನು ವಿಂಗಡಿಸಿದ್ದು ನಮ್ಮ ಶಾಲೆಗಳ ಇತಿಹಾಸದಲ್ಲಿ ಬಹುಶಃ ಅದೇ ಮೊದಲು. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ವಿದ್ಯಾಗಮವೂ ಸ್ವಲ್ಪ ಕಾಲ ನಿಂತಿತು. ಚಂದನ ವಾಹಿನಿಯಲ್ಲಿ ಪ್ರೌಢಶಾಲೆಯ ಪಾಠಗಳು ಪ್ರಸಾರವಾದದ್ದೂ ಆ ದಿನಗಳಲ್ಲೇ. ಒಂದು ಟಿ.ವಿ.ಯ ಮುಂದೆ ಹತ್ತು ಮಕ್ಕಳು ಕೂರಬಹುದು. ಅದು ಯಾರದೆಂದು ಯಾರೂ ಕೇಳುವುದಿಲ್ಲ.

ಆ ವರ್ಷ ಸಾಲ ಮಾಡಿ ಫೋನು ಕೊಂಡ ಮನೆಗಳು ಬಹಳ. ಆಮೇಲೆ ಶಾಲೆಗಳು ತೆರೆದವು. ಪಾಠ ಶಾಲೆಗೆ ಹಿಂತಿರುಗಿತು, ಫೋನು ಮಾತ್ರ ಮನೆಯಲ್ಲೇ ಉಳಿಯಿತು. ಈಗ ನಾವು ಚರ್ಚಿಸಬೇಕಾದದ್ದು ಹೀಗೆ ಉಳಿದ ಫೋನಿನ ವಿಷಯವನ್ನು.

ಇಲ್ಲಿ ಒಂದು ಭೇದವನ್ನು ನೀವು ಸ್ಪಷ್ಟವಾಗಿ ಗ್ರಹಿಸಬೇಕು. ಫೋನನ್ನು ಬಳಸುವುದು ಬೇರೆ, ಫೋನು ನನ್ನದಾಗಿರುವುದು ಬೇರೆ. ಪಠ್ಯಪುಸ್ತಕದ ಪುಟದಲ್ಲಿರುವ ಕ್ಯೂಆರ್ ಕೋಡನ್ನು ತೆರೆದು ದೀಕ್ಷಾದ ಪಾಠ ನೋಡಲು ಸ್ವಂತ ಫೋನು ಬೇಕಾಗಿಲ್ಲ, ಅರ್ಧ ಗಂಟೆ ಅಪ್ಪನ ಫೋನು ಸಾಕು. ವಿದ್ಯಾರ್ಥಿವೇತನದ ಅರ್ಜಿಗೂ ಅಷ್ಟೇ. ಸ್ವಂತದ್ದು ಎಂದೊಡನೆ ಬೇರೆಯದೇ ವ್ಯವಹಾರ ಶುರುವಾಗುತ್ತದೆ: ರಾತ್ರಿ ಅದು ಯಾರ ತಲೆದಿಂಬಿನ ಬಳಿ ಇರುತ್ತದೆ? ಅದರ ಗುಪ್ತ ಸಂಖ್ಯೆ ಯಾರಿಗೆ ಗೊತ್ತು? ರೀಚಾರ್ಜ್ ಯಾರು ಮಾಡಿಸುತ್ತಾರೆ? ಕಾನೂನಿನ ದೃಷ್ಟಿಯಿಂದಲಂತೂ 18 ತುಂಬದವರಿಗೆ ಸ್ವಂತ ಫೋನು ಎಂಬುದು ಅರ್ಧ ಸತ್ಯ. ನಮ್ಮ ದೇಶದಲ್ಲಿ 18 ವರ್ಷದೊಳಗಿನವರ ಹೆಸರಿಗೆ ಸಿಮ್ ಕೊಡುವುದಿಲ್ಲ. ನಿಮ್ಮ ಜೇಬಿನಲ್ಲಿರುವ ಸಿಮ್ ಅಪ್ಪನದೋ ಅವ್ವನದೋ ಅಣ್ಣನದೋ ಇರಲೇಬೇಕು. ಆ ಸಂಖ್ಯೆಯಿಂದ ತಪ್ಪು ಕೆಲಸವೊಂದು ನಡೆದರೆ ಪೊಲೀಸರು ಮೊದಲು ಬಂದು ವಿಚಾರಿಸುವುದು ಅವರನ್ನು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ 18 ತುಂಬದವರನ್ನು ಮಕ್ಕಳೆಂದೇ ಕರೆಯುತ್ತದೆ. ಅವರ ಮಾಹಿತಿಯನ್ನು ಬಳಸಲು ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ. ಇತ್ತ ನೋಡಿದರೆ ಎಂಟನೇ ತರಗತಿಯ ಹುಡುಗನೊಬ್ಬ ಹುಟ್ಟಿದ ವರ್ಷವನ್ನು ಹಿಂದಕ್ಕೆ ಸರಿಸಿ ಎರಡೇ ನಿಮಿಷದಲ್ಲಿ ಖಾತೆ ತೆರೆಯುತ್ತಾನೆ. ಕಾನೂನಿಗೂ ನಡವಳಿಕೆಗೂ ಇರುವ ಅಂತರ ಇಷ್ಟು.

ಖರ್ಚಿನ ಲೆಕ್ಕವನ್ನೂ ಒಮ್ಮೆ ಮಾಡೋಣ. ಗಣಿತ ಇಷ್ಟವಿಲ್ಲದವರೂ ದಯವಿಟ್ಟು ನನ್ನ ಜೊತೆ ಬನ್ನಿ. ರೀಚಾರ್ಜ್ ತಿಂಗಳಿಗೊಮ್ಮೆ ಎಂದು ನಾವು ಭಾವಿಸುತ್ತೇವೆ. ಆದರೆ ಸಾಮಾನ್ಯ ಯೋಜನೆಗಳ ಅವಧಿ 28 ದಿನ. ವರ್ಷದ 365 ದಿನಗಳನ್ನು 28ರಿಂದ ಭಾಗಿಸಿ ನೋಡಿ: ಹನ್ನೆರಡಲ್ಲ, ಹದಿಮೂರು ರೀಚಾರ್ಜ್. 2025-26ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತರಿಯ ದಿನಗೂಲಿ 370 ರೂಪಾಯಿ ಇತ್ತು. ದಿನವೂ ಡೇಟಾ ಸಿಗುವ ಒಂದು ರೀಚಾರ್ಜ್‌ಗೆ ಹೆಚ್ಚುಕಡಿಮೆ ಒಂದು ದಿನದ ಕೂಲಿ ಹಿಡಿಯಿರಿ. ಹತ್ತು ಸಾವಿರದ ಫೋನಿಗೆ 27 ದಿನದ ಕೂಲಿ. ಎರಡನ್ನೂ ಕೂಡಿಸಿದರೆ ಮೊದಲ ವರ್ಷದಲ್ಲೇ 40 ದಿನದ ದುಡಿಮೆ. ಮಾನ್ವಿಯ ಗದ್ದೆಯಲ್ಲಿ ಭತ್ತ ನಾಟಿ ಮಾಡುವ ಅವ್ವ ಬಗ್ಗಿದ ಬೆನ್ನನ್ನು ಎತ್ತದೆ ದುಡಿದ 40 ದಿನಗಳು. ಇದನ್ನು ನಿಮ್ಮ ಮನಸ್ಸು ನೋಯಿಸಲು ಹೇಳುತ್ತಿಲ್ಲ. “ಯವ್ವಾ, ಎಲ್ಲಾರ ಹತ್ರ ಐತಿ, ನನಗೂ ಕೊಡಸು” ಎಂದು ಕೇಳುವಾಗ ಕೇಳುತ್ತಿರುವುದು ಎಷ್ಟೆಂಬ ಅರಿವು ಇರಲಿ ಎಂದಷ್ಟೇ.

ಅಂದಹಾಗೆ, ಎಲ್ಲರ ಹತ್ತಿರವೂ ಇದೆ ಎಂಬ ಮಾತು ನಿಜವೆ? ಪ್ರಥಮ್ ಸಂಸ್ಥೆಯ ‘ಅಸರ್’ ಸಮೀಕ್ಷೆ 2024ರಲ್ಲಿ ದೇಶದ ಹಳ್ಳಿಗಳ 14ರಿಂದ 16 ವಯಸ್ಸಿನ ಮಕ್ಕಳನ್ನು ಈ ಬಗ್ಗೆ ಕೇಳಿತ್ತು. ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ ಎಂದವರು ನೂರಕ್ಕೆ 82. ಆದರೆ ಬಳಸಬಲ್ಲವರ ಪೈಕಿ ಸ್ವಂತ ಫೋನ್ ಇದ್ದದ್ದು 14 ವಯಸ್ಸಿನವರಲ್ಲಿ ನೂರಕ್ಕೆ 27 ಮಂದಿಗೆ, 16ರವರಲ್ಲಿ ಸುಮಾರು 38 ಮಂದಿಗೆ. ಅಂದರೆ ಹತ್ತನೇ ತರಗತಿಯ ವಯಸ್ಸಿನಲ್ಲೂ ಹೆಚ್ಚಿನವರು ಮನೆಯ ಫೋನನ್ನೇ ಹಂಚಿಕೊಳ್ಳುತ್ತಿದ್ದಾರೆ. ಅದೇ ಸಮೀಕ್ಷೆಯ ಇನ್ನೊಂದು ಅಂಶ: ಹಿಂದಿನ ವಾರ ಫೋನನ್ನು ಓದಿನ ಕೆಲಸಕ್ಕೆ ಬಳಸಿದವರು 57, ಸಾಮಾಜಿಕ ಜಾಲತಾಣಕ್ಕೆ ಬಳಸಿದವರು 76. ಓದಲಿಕ್ಕೆ ಬೇಕು ಎಂದು ಫೋನು ಕೇಳುವ ಸ್ನೇಹಿತರು ಈ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು.

ಇದಕ್ಕೆ ಮಕ್ಕಳ ಸೋಮಾರಿತನವೊಂದೇ ಕಾರಣವೆಂದು ಹಿರಿಯರು ಗೊಣಗುತ್ತಾರೆ. ನಾನು ಒಪ್ಪುವುದಿಲ್ಲ. ಪುಸ್ತಕಕ್ಕೆ ಕೊನೆಯ ಪುಟವಿದೆ, ಸಿನಿಮಾಕ್ಕೆ ‘ಶುಭಂ’ ಇದೆ. ಬೆರಳಿನಿಂದ ಮೇಲಕ್ಕೆ ತಳ್ಳುತ್ತ ನೋಡುವ ಕಿರುಚಿತ್ರಗಳಿಗೆ ಕೊನೆಯೇ ಇಲ್ಲ, ಏಕೆಂದರೆ ಕೊನೆಯಿಲ್ಲದಂತೆಯೇ ಅದನ್ನು ರಚಿಸಿದ್ದಾರೆ. ನೀವು ಯಾವ ಚಿತ್ರದ ಮೇಲೆ ಎಷ್ಟು ಕ್ಷಣ ನಿಂತಿರಿ ಎಂಬುದನ್ನು ಯಂತ್ರವು ಲೆಕ್ಕವಿಟ್ಟು ಅಂಥದನ್ನೇ ಮತ್ತೆ ಮುಂದಿಡುತ್ತದೆ. ನೀವು ಹೆಚ್ಚು ಹೊತ್ತು ಇದ್ದಷ್ಟೂ ಜಾಹೀರಾತು ಹೆಚ್ಚು, ಜಾಹೀರಾತು ಹೆಚ್ಚಿದಷ್ಟೂ ಅವರಿಗೆ ಹಣ. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದ ಮೇಲೆ ಡೇಟಾದ ಬೆಲೆ ಪಾತಾಳಕ್ಕಿಳಿದು, ಈ ವ್ಯಾಪಾರ ತೀನ್ ಕಂದೀಲ್‌ನ ಅಂಗಡಿ ಸಾಲಿನಿಂದ ದೇವದುರ್ಗದ ತಾಂಡಾಗಳವರೆಗೂ ತಲುಪಿತು. ವಿಶ್ವದ ಅತಿ ಬುದ್ಧಿವಂತ ಎಂಜಿನಿಯರುಗಳು ಒಂದು ಕಡೆ, ಹದಿಮೂರು ವಯಸ್ಸಿನ ಹುಡುಗಿಯ ಮನೋನಿಗ್ರಹ ಇನ್ನೊಂದು ಕಡೆ. ಇದು ಸಮಬಲದ ಕುಸ್ತಿಯಲ್ಲ. ಆ ಕಾರಣದಿಂದಲೇ ಆಸ್ಟ್ರೇಲಿಯಾ ದೇಶವು 2025ರ ಡಿಸೆಂಬರ್ 10ರಿಂದ 16 ತುಂಬದವರಿಗೆ ಪ್ರಮುಖ ಜಾಲತಾಣಗಳಲ್ಲಿ ಖಾತೆ ಇರಬಾರದೆಂಬ ಕಾನೂನನ್ನು ಜಾರಿಗೆ ತಂದಿತು. ಹೊಣೆಯನ್ನು ಮಕ್ಕಳ ಮೇಲಾಗಲಿ ಪೋಷಕರ ಮೇಲಾಗಲಿ ಹೊರಿಸದೆ ಕಂಪನಿಗಳ ಮೇಲೆ ಹೊರಿಸಿತು. ಫ್ರಾನ್ಸ್ ದೇಶ 2018ರಲ್ಲೇ ಶಾಲೆಯ ಆವರಣದಲ್ಲಿ ಕಿರಿಯ ವಿದ್ಯಾರ್ಥಿಗಳ ಫೋನ್ ಬಳಕೆಯನ್ನು ನಿಷೇಧಿಸಿತ್ತು.

ಇಷ್ಟು ಕೇಳಿದ ಮೇಲೆ, ಹಾಗಾದರೆ 16 ಅಥವಾ 18ರವರೆಗೆ ಫೋನೇ ಬೇಡ ಎಂದುಬಿಡೋಣವೆ? ದೇವದುರ್ಗದ ಕಡೆಗೆ ಬನ್ನಿ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯು 2002ರ ವರದಿಯಲ್ಲಿ ರಾಜ್ಯದ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಸಾಲಿಗೆ ಸೇರಿಸಿದ ತಾಲ್ಲೂಕು ಇದು. ಕೃಷ್ಣೆಯ ದಂಡೆಯಲ್ಲೇ ಇದ್ದರೂ ಇಲ್ಲಿಂದ ವರ್ಷ ವರ್ಷ ಸಂಸಾರಗಳು ಗುಳೆ ಹೋಗುತ್ತವೆ. ಬೆಂಗಳೂರು, ಪುಣೆ, ಹೈದರಾಬಾದುಗಳ ಕಟ್ಟಡ ಕೆಲಸಕ್ಕೆ. ಶಾಲೆ ತಪ್ಪಬಾರದೆಂದು ಮಕ್ಕಳನ್ನು ಅಜ್ಜ ಅಜ್ಜಿಯ ಹತ್ತಿರ ಬಿಟ್ಟು ಹೋಗುವ ತಂದೆತಾಯಿಗಳು ಹಲವರು. ಹಾಗೆ ಉಳಿದ ಮಗುವಿಗೆ ಫೋನು ಎಂದರೆ ಸಂಜೆ ಕೇಳುವ ಅವ್ವನ ದನಿ. “ಉಂಡ್ಯಾ ಮಗಾ? ಸಾಲಿಗಿ ಹೋಗಿದ್ದ್ಯಾ?” ಎಂಬ ಎರಡು ಪ್ರಶ್ನೆ. ಅದನ್ನು ಕಿತ್ತುಕೊಳ್ಳುವ ಹಕ್ಕು ಯಾವ ತಜ್ಞರಿಗೂ ಇಲ್ಲ. ಆದರೆ ಆ ದನಿಗೆ ಕೀಲಿಗಳಿರುವ ಚಿಕ್ಕ ಫೋನು ಸಾಕು. ಅಜ್ಜಿಯ ಎಲೆಯಡಿಕೆ ಚೀಲದಲ್ಲಿ ಅದು ಎರಡು ಮೂರು ದಿನ ಚಾರ್ಜ್ ಇಲ್ಲದೆಯೂ ಬದುಕುತ್ತದೆ.

ಇದೇ ಮಕ್ಕಳಿಗೆ ಇನ್ನೊಂದು ತೊಡಕಿದೆ, ನಗರದವರಿಗೆ ಅದು ಹೊಳೆಯುವುದಿಲ್ಲ. ವಿದ್ಯಾರ್ಥಿವೇತನದ ಅರ್ಜಿ ಈಗ ಕಂಪ್ಯೂಟರಿನಲ್ಲಿ ತುಂಬಬೇಕು. ಆಧಾರ್‌ಗೆ ಜೋಡಿಸಿದ ಫೋನಿಗೆ ಒಂದು ಸಂಖ್ಯೆ ಬರುತ್ತದೆ, ಅದನ್ನು ಕೆಲವೇ ನಿಮಿಷದಲ್ಲಿ ಹೇಳಬೇಕು. ಹುಡುಗಿ ದೇವದುರ್ಗದ ಸೇವಾ ಕೇಂದ್ರದ ಸಾಲಿನಲ್ಲಿ ನಿಂತಿದ್ದಾಳೆ, ಸಂಖ್ಯೆ ಪುಣೆಯ ಕಟ್ಟಡವೊಂದರ ಏಳನೇ ಅಂತಸ್ತಿನಲ್ಲಿ ಗಾರೆ ಕಲಸುತ್ತಿರುವ ಅಪ್ಪನ ಜೇಬಿಗೆ ಬಂದಿದೆ. ಆ ಅಪ್ಪ ಕರೆ ತೆಗೆಯದಿದ್ದರೆ ಆ ದಿನದ ಬಸ್ ಚಾರ್ಜು ವ್ಯರ್ಥ. ಗುಳೆ ಹೋಗುವ ಮೊದಲೇ ಮಗುವಿನ ಆಧಾರ್‌ಗೆ ಊರಲ್ಲಿ ಉಳಿಯುವ ಫೋನಿನ ಸಂಖ್ಯೆಯನ್ನು ಜೋಡಿಸಿ ಹೋಗುವುದು ಒಳ್ಳೆಯದು.

ಹುಡುಗಿಯರ ವಿಷಯವನ್ನು ನಾನು ಬೇರೆಯಾಗಿಯೇ ಹೇಳಬೇಕು. ಅಸರ್ ಪ್ರಕಾರ ಫೋನ್ ಬಳಸಬಲ್ಲ ಹುಡುಗರಲ್ಲಿ ಸ್ವಂತ ಫೋನ್ ಇದ್ದವರು ನೂರಕ್ಕೆ 36, ಹುಡುಗಿಯರಲ್ಲಿ 27. ಒಂದೇ ಮನೆಯಲ್ಲಿ ಅಣ್ಣನಿಗೆ ಹತ್ತನೇ ತರಗತಿಗೆ ಫೋನು, ಅವನಿಗಿಂತ ಹೆಚ್ಚು ಅಂಕ ಪಡೆದ ತಂಗಿಗೆ ‘ಮದುವೆಯಾದ ಮೇಲೆ ನಿನ್ನ ಗಂಡ ಕೊಡಸ್ತಾನ’ ಎಂಬ ಉತ್ತರ. ಮಾತು ಇಷ್ಟಕ್ಕೇ ನಿಂತರೆ ಪರವಾಗಿಲ್ಲ. ಅಪರಿಚಿತನೊಬ್ಬ ಅವಳಿಗೆ ಸಂದೇಶ ಕಳಿಸುತ್ತಾನೆ, ಚಿತ್ರ ಕೇಳುತ್ತಾನೆ, ಹೆದರಿಸುತ್ತಾನೆ ಎಂದಿಟ್ಟುಕೊಳ್ಳಿ. ಮನೆಯಲ್ಲಿ ಹೇಳಿದರೆ ಏನಾಗುತ್ತದೆಂದು ಅವಳಿಗೆ ಗೊತ್ತು: ಮೊದಲು ಫೋನು ಹೋಗುತ್ತದೆ, ಆಮೇಲೆ ಕಾಲೇಜು, ಆಮೇಲೆ ಗಂಡು ನೋಡಲು ಶುರು. ಆದ್ದರಿಂದ ಅವಳು ಹೇಳುವುದಿಲ್ಲ. ಹೆದರಿಸುವವನ ಬಲವೆಲ್ಲ ಈ ಮೌನದಲ್ಲಿದೆ. ಹಾಗಾಗಿ ಫೋನು ಕೊಳ್ಳುವ ಮೊದಲೇ ಮನೆಯಲ್ಲಿ ಒಂದು ಮಾತು ಆಗಬೇಕು, ಅಣ್ಣನೂ ಕೂತಿರುವಾಗಲೇ ಆಗಬೇಕು: ಏನೇ ಆದರೂ ಹೇಳಿದರೆ ಓದು ನಿಲ್ಲಿಸುವುದಿಲ್ಲ. ಮನೆಯಲ್ಲಿ ಹೇಳಲು ಸಾಧ್ಯವೇ ಇಲ್ಲದವರು ನಂಬಿಕೆಯ ಶಿಕ್ಷಕಿಗೆ ಹೇಳಿ. ಮಕ್ಕಳ ಸಹಾಯವಾಣಿ 1098, ಸೈಬರ್ ಅಪರಾಧದ ಸಹಾಯವಾಣಿ 1930. ಈ ಎರಡು ಸಂಖ್ಯೆಗಳನ್ನು ನೋಟು ಪುಸ್ತಕದ ಹಿಂಬದಿಯಲ್ಲಿ ಬರೆದಿಟ್ಟುಕೊಳ್ಳಿ. ಬಾಲ್ಯವಿವಾಹದ ದೂರನ್ನೂ 1098ಕ್ಕೇ ಹೇಳಬಹುದು.

ಹಾಗಾದರೆ ಯಾವಾಗ? ನನ್ನ ಅಭಿಪ್ರಾಯ ಕೇಳಿದರೆ, ಹತ್ತನೇ ತರಗತಿಯವರೆಗೆ ಮನೆಯ ಫೋನು ಸಾಕು, ನಡುಮನೆಯಲ್ಲಿ ಕೂತು ಬಳಸುವುದು ಇನ್ನೂ ಒಳ್ಳೆಯದು. ಐದು ವರ್ಷದೊಳಗಿನ ತಮ್ಮ ತಂಗಿಯರಿಗೆ ಊಟ ಮಾಡಿಸಲು ಫೋನು ಹಿಡಿಸುವ ರೂಢಿಯನ್ನು ನೀವೇ ತಪ್ಪಿಸಬಹುದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆ ಬೇಡ, ಇನ್ನೂ ಕಡಿಮೆಯಾದರೆ ಒಳ್ಳೆಯದು ಎಂದಿದೆ. ಪಿಯುಸಿಗೆ ಗಬ್ಬೂರು ದಾಟಿ ರಾಯಚೂರಿಗೆ ದಿನವೂ ಓಡಾಡುವ ಹುಡುಗಿಗೆ, ಸಂಜೆಯ ಬಸ್ಸು ತಪ್ಪಿದಾಗ ಮನೆಗೆ ತಿಳಿಸಲು, 16ಕ್ಕೇ ಒಂದು ಚಿಕ್ಕ ಫೋನು ಬೇಕು. ಅದು ಐಷಾರಾಮವಲ್ಲ. ಸ್ಮಾರ್ಟ್‌ಫೋನ್ ಪದವಿಯ ಹೊತ್ತಿಗೆ, ಅಥವಾ ಓದಿಗೆ ನಿಜವಾಗಿ ಅನಿವಾರ್ಯವಾದಾಗ ಬರಲಿ. ಟ್ಯಾಬ್ ಇರುವ ಮನೆಗಳಲ್ಲಿ ಅದನ್ನು ಎಲ್ಲ ಮಕ್ಕಳಿಗೂ ಸೇರಿದ ವಸ್ತುವಾಗಿ, ಸಿಮ್ ಇಲ್ಲದೆ ಇಡುವುದು ಅನುಕೂಲ. ನಿಯಮ ಹುಡುಗನಿಗೂ ಹುಡುಗಿಗೂ ಒಂದೇ ಇರಲಿ.

ನೀವು ಇದನ್ನು ಒಪ್ಪದಿರಬಹುದು. ಒಪ್ಪದವರು ಮನೆಯಲ್ಲಿ ಹಟ ಹಿಡಿಯುವ ಬದಲು ಒಂದು ವಾರ ಲೆಕ್ಕ ಬರೆಯಿರಿ: ಮನೆಯ ಫೋನನ್ನು ಯಾವ ಕೆಲಸಕ್ಕೆ ಎಷ್ಟು ಹೊತ್ತು ಬಳಸಿದೆ, ಫೋನು ಸಿಗದೆ ಯಾವ ಕೆಲಸ ನಿಂತಿತು. ನಿಂತ ಕೆಲಸಗಳ ಪಟ್ಟಿ ಉದ್ದವಾಗಿದ್ದರೆ ಅದನ್ನು ಅಪ್ಪನ ಮುಂದಿಡಿ. ಅಪ್ಪ ಗುಳೆಗೆ ಹೋಗಿದ್ದರೆ ಭಾನುವಾರ ಅವರು ಕರೆ ಮಾಡಿದಾಗ ಓದಿ ಹೇಳಿ, ಅಜ್ಜಿಗೂ ಕೇಳುವಂತೆ.