ಒಕ್ಕಣೆ ಕೆಡದಂತೆ ಓಲೆ ದಾಟಿಸುವುದು: ಆದೇಶ-ಸಾಲಿನ ತಂತ್ರಾಂಶದಲ್ಲಿ ಮಿಂಚಂಚೆಯ ರವಾನೆ

(ಕನ್ನಡ ಮಾಧ್ಯಮ ಶಿಕ್ಷಕರ ತರಬೇತಿಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಠ್ಯ)



ರಾಯದುರ್ಗದಿಂದ ಪಶ್ಚಿಮಕ್ಕೆ ಗಡಿ ದಾಟಿದರೆ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕು. ಅಲ್ಲಿನ ಬ್ರಹ್ಮಗಿರಿ ಮತ್ತು ಸಿದ್ದಾಪುರದ ಬಂಡೆಗಳ ಮೇಲೆ ಕ್ರಿಸ್ತಪೂರ್ವ 3ನೆಯ ಶತಮಾನದ ಅಶೋಕನ ಶಾಸನಗಳಿವೆ. ಬಿ.ಎಲ್. ರೈಸ್ ಅವರು 1892ರಲ್ಲಿ ಅವುಗಳನ್ನು ಪ್ರಕಟಿಸಿದರು. ಈ ಶಾಸನಗಳು ಚಕ್ರವರ್ತಿಯ ಮಾತಿನಿಂದ ಆರಂಭವಾಗುವುದಿಲ್ಲ ಎಂಬುದು ಗಮನಾರ್ಹ. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರ ಆರೋಗ್ಯವನ್ನು ಹಾರೈಸಿ ತಿಳಿಸುವ ಮುಖಪತ್ರ ಮೊದಲು ಬರುತ್ತದೆ. ಅದರ ಅನಂತರ ದೇವಾನಾಂಪ್ರಿಯನ ಆಜ್ಞೆ. ಕೊನೆಯಲ್ಲಿ ಲಿಪಿಕಾರ ಚಪಡನ ಹೆಸರು. ಹೇಳಿದವರು ಯಾರು, ದಾಟಿಸಿದವರು ಯಾರು, ಯಾರಿಗೆ ದಾಟಿಸಿದರು, ಬರೆದವರು ಯಾರು ಎಂಬ ನಾಲ್ಕೂ ಸಂಗತಿಗಳು ಒಂದರೊಡನೊಂದು ಬೆರೆಯದೆ ನಿಂತಿವೆ. ಇಂದು ಮಿಂಚಂಚೆಯಲ್ಲಿ ‘ಫಾರ್ವರ್ಡ್’ ಎಂದು ಕರೆಯುವ ಕಾರ್ಯದ ಧರ್ಮವೂ ಇದೇ ಆಗಿದೆ.

ಗಡಿನಾಡಿನ ಕನ್ನಡ ಶಾಲೆಗೆ ಈ ಧರ್ಮ ಬೇರೆಡೆಗಿಂತ ಹೆಚ್ಚು ಮುಖ್ಯ. 1953ರಲ್ಲಿ ಆಂಧ್ರ ರಾಜ್ಯ ರಚನೆಯಾದಾಗ ಬಳ್ಳಾರಿ ಜಿಲ್ಲೆಯ ಬಹುಭಾಗ ಮೈಸೂರಿಗೆ ಸೇರಿತು; ರಾಯದುರ್ಗ, ಆದೋನಿ, ಆಲೂರು ತಾಲ್ಲೂಕುಗಳು ಆಂಧ್ರದಲ್ಲಿ ಉಳಿದವು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ತಕ್ಕ ಸೌಲಭ್ಯ ಒದಗಿಸಲು ಪ್ರತಿಯೊಂದು ರಾಜ್ಯವೂ ಯತ್ನಿಸಬೇಕೆಂದು ಸಂವಿಧಾನದ 350ಎ ಅನುಚ್ಛೇದ 1956ರಿಂದ ವಿಧಿಸಿದೆ. ಪಾಠ ಕನ್ನಡದಲ್ಲಿ ನಡೆದರೂ ಆಡಳಿತದ ಪತ್ರಗಳು ತೆಲುಗಿನಲ್ಲಿ ಅಥವಾ ಇಂಗ್ಲಿಷಿನಲ್ಲಿ ಬರುವುದು ಸಹಜ. 2022ರ ಏಪ್ರಿಲ್‌ನಲ್ಲಿ ಜಿಲ್ಲೆಗಳು ಮರುವಿಂಗಡಣೆಯಾದ ಮೇಲೆ ರಾಯದುರ್ಗ ಅನಂತಪುರದಲ್ಲೇ ಉಳಿದು, ಮಡಕಶಿರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಒಂದೇ ವಿಷಯದ ಸುತ್ತೋಲೆ ಈಗ ಎರಡು ಜಿಲ್ಲಾ ಕಚೇರಿಗಳಿಂದ ಹೊರಟು, ಮಂಡಲ ಕಚೇರಿ ದಾಟಿ, ಡಿ. ಹಿರೇಹಾಳಿಗೂ ಬೊಮ್ಮನಹಾಳಿಗೂ ಒಂದು ದಾರಿಯಲ್ಲಿ, ರೊಳ್ಳ, ಅಗಳಿ, ಅಮರಾಪುರಗಳಿಗೆ ಇನ್ನೊಂದು ದಾರಿಯಲ್ಲಿ ಹೋಗಬೇಕು. ಕನ್ನಡ ಪ್ರಶ್ನೆಪತ್ರಿಕೆ ಎಷ್ಟು ಬೇಕು, ಕನ್ನಡ ಪಠ್ಯಪುಸ್ತಕ ಎಷ್ಟು ಬೇಕು ಎಂಬ ಪಟ್ಟಿ ಈ ದಾರಿಯ ನಡುವೆ ಲಗತ್ತಿನಿಂದ ಕಳಚಿಬಿದ್ದರೆ ಅದರ ನಷ್ಟವನ್ನು ಅನುಭವಿಸುವುದು ತರಗತಿಯ ಮಕ್ಕಳು.

ಇದನ್ನು ಕಲಿಸಲು ಆದೇಶ-ಸಾಲಿನ ಅಂಚೆ ತಂತ್ರಾಂಶವೇ ಏಕೆ? ಇದರಲ್ಲಿ ಚಿತ್ರಗಳಿಲ್ಲ, ಗುಂಡಿಗಳಿಲ್ಲ. ಕಪ್ಪು ಪರದೆಯ ಮೇಲೆ ಅಕ್ಷರಗಳು ಮಾತ್ರ. ಲಿನಕ್ಸ್ ಅಳವಡಿಸಿದ ಹಳೆಯ ಗಣಕದಲ್ಲಿಯೂ, ನಿಧಾನಗತಿಯ ಸಂಪರ್ಕದಲ್ಲಿಯೂ ಇದು ಕೆಲಸ ಮಾಡುತ್ತದೆ. ಅದಕ್ಕಿಂತ ಮಿಗಿಲಾಗಿ, ಬೇರೆ ತಂತ್ರಾಂಶಗಳು ಮರೆಮಾಡುವುದನ್ನು ಇದು ಬಿಚ್ಚಿ ತೋರಿಸುತ್ತದೆ. ಗಡಿಯಾರದ ಹಿಂಬದಿಯ ಮುಚ್ಚಳ ತೆಗೆದು ಚಕ್ರಗಳನ್ನು ತೋರಿಸಿದಂತೆ, ಪತ್ರವೊಂದು ದಾಟುವಾಗ ಏನಾಗುತ್ತದೆ ಎಂಬುದನ್ನು ಇದರಿಂದ ಕಣ್ಣಾರೆ ಕಾಣಬಹುದು.

ಯುನಿಕ್ಸ್ ಗಣಕಗಳಿಗಾಗಿ 1978ರಲ್ಲಿ ಬರ್ಕ್ಲಿಯಲ್ಲಿ ಕರ್ಟ್ ಶೋನ್ಸ್ ಅವರು ರೂಪಿಸಿದ ‘ಮೇಲ್’ ತಂತ್ರಾಂಶದಲ್ಲಿ ರವಾನೆಯ ಕ್ರಮ ಸರಳವಾಗಿತ್ತು. ಹೊಸ ಪತ್ರ ಬರೆಯುತ್ತಿರುವಾಗ ಸಾಲಿನ ಆರಂಭದಲ್ಲಿ ಟಿಲ್ಡೆ ಎಂಬ ಅಲೆಗೆರೆಯನ್ನೂ ಸಣ್ಣ ಎಫ್ ಅಕ್ಷರವನ್ನೂ ಒತ್ತಿ, ಹಳೆಯ ಪತ್ರದ ಸಂಖ್ಯೆಯನ್ನು ಕೊಟ್ಟರೆ ಆ ಪತ್ರದ ಒಕ್ಕಣೆ ಹೊಸ ಪತ್ರದೊಳಗೆ ಬಂದು ಸೇರುತ್ತಿತ್ತು. ಎಫ್ ಬದಲು ಎಂ ಒತ್ತಿದರೆ ಪ್ರತಿಯೊಂದು ಸಾಲೂ ಸ್ವಲ್ಪ ಒಳಕ್ಕೆ ಸರಿದು, ಇದು ಬೇರೆಯವರ ಮಾತು ಎಂಬುದು ತಿಳಿಯುತ್ತಿತ್ತು. ಇಂಗ್ಲಿಷ್ ಬರಹಕ್ಕೆ ಇಷ್ಟು ಸಾಕಾಗಿತ್ತು. ಕನ್ನಡಕ್ಕೆ ಮಾತ್ರ ಇದು ಸಾಲದು. ಕಾರಣ ಹೀಗಿದೆ.

ಯುನಿಕೋಡ್‌ನ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ 1 ಬೈಟ್ ಸಾಕು. ಕನ್ನಡದ ಪ್ರತಿಯೊಂದು ವ್ಯಂಜನಕ್ಕೂ ಸ್ವರಚಿಹ್ನೆಗೂ ವಿರಾಮಚಿಹ್ನೆಯಾದ ಹಲಂತಕ್ಕೂ 3 ಬೈಟ್‌ಗಳು ಬೇಕು. ‘ರಾಯದುರ್ಗ’ ಎಂಬ ಪದದಲ್ಲಿ ಇಂಥ 8 ಘಟಕಗಳಿವೆ. ಎಂದರೆ 24 ಬೈಟ್‌ಗಳು. ಅಂಚೆಯ ಹಳೆಯ ಮಾರ್ಗ ಇಂಗ್ಲಿಷ್ ಅಕ್ಷರಗಳಿಗಷ್ಟೇ ಹೊಂದುವಂತಿದ್ದುದರಿಂದ, ಅನೇಕ ವೇಳೆ ಈ ಬೈಟ್‌ಗಳನ್ನು ಬೇಸ್64 ಎಂಬ ಕ್ರಮದಲ್ಲಿ ಮಡಿಸಿ ಕಳುಹಿಸಲಾಗುತ್ತದೆ. 3 ಬೈಟ್‌ಗಳಿಗೆ 4 ಸಂಕೇತಗಳಂತೆ ‘ರಾಯದುರ್ಗ’ 32 ರೋಮನ್ ಸಂಕೇತಗಳಾಗಿ ಪ್ರಯಾಣ ಮಾಡುತ್ತದೆ. ಆ ಸಂಕೇತಗಳನ್ನು ಹೇಗೆ ಬಿಡಿಸಬೇಕೆಂಬ ಸೂಚನೆ ಪತ್ರದ ಶಿರೋಭಾಗದಲ್ಲಿರುತ್ತದೆ. 1992ರಲ್ಲಿ ನಥಾನಿಯಲ್ ಬೋರೆನ್‌ಸ್ಟೈನ್ ಮತ್ತು ನೆಡ್ ಫ್ರೀಡ್ ಅವರು ರೂಪಿಸಿದ ‘ಮೈಮ್’ ನಿಯಮಾವಳಿಯ ಸಾರ ಇದು: ಗಂಟಿನ ಜೊತೆಗೆ ಗಂಟು ಬಿಚ್ಚುವ ವಿಧಾನವನ್ನೂ ಕಳುಹಿಸುವುದು.

ಮೈಮ್ ಅರಿಯದ ಹಳೆಯ ತಂತ್ರಾಂಶದಿಂದ ಇಂಥ ಪತ್ರವನ್ನು ಒಳಸೇರಿಸಿ ರವಾನಿಸಿದಾಗ ಗಂಟು ಹೋಗುತ್ತದೆ, ಬಿಚ್ಚುವ ವಿಧಾನ ಹೋಗುವುದಿಲ್ಲ. ಪಡೆದವರಿಗೆ ಅರ್ಥವಿಲ್ಲದ ರೋಮನ್ ಸಾಲುಗಳು ಕಾಣುತ್ತವೆ. ಅಂಥ ಸಾಲುಗಳು ಬಂದಾಗ ಪತ್ರ ಹಾಳಾಗಿದೆಯೆಂದು ಅಳಿಸಿಬಿಡಬಾರದು. ಮೊದಲ ಮೂರು ಸಂಕೇತಗಳನ್ನು ನೋಡಬೇಕು. 4ರ ಅಂಕಿ, ದೊಡ್ಡ ಎಲ್, ದೊಡ್ಡ ಕೆ ಇದ್ದರೆ ಅದು ಕನ್ನಡ ಅಕ್ಷರದಿಂದ ಆರಂಭವಾದ ಪತ್ರ. 4, ಎಲ್, ಸಿ ಇದ್ದರೆ ತೆಲುಗು. ಅಕ್ಷರಗಳು ಅಲ್ಲಿ ಅಡಗಿವೆ, ಬಿಡಿಸಿದರೆ ದೊರೆಯುತ್ತವೆ. ಆದರೆ ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರಶೈಲಿಯಲ್ಲಿ ಬೆರಳಚ್ಚಿಸಿದ ಪತ್ರದ ಸಂಗತಿ ಬೇರೆ. ಅಲ್ಲಿ ಕನ್ನಡದ ಆಕಾರಗಳು ರೋಮನ್ ಸಂಕೇತಗಳ ಸ್ಥಾನದಲ್ಲಿ ಕುಳಿತಿರುತ್ತವೆ; ಆ ಅಕ್ಷರಶೈಲಿ ಇಲ್ಲದ ಗಣಕದಲ್ಲಿ ಯಾವ ಬಗೆಯ ರವಾನೆಯೂ ಅದನ್ನು ಓದುವಂತೆ ಮಾಡಲಾರದು. ಅದನ್ನು ಯುನಿಕೋಡ್‌ಗೆ ಪರಿವರ್ತಿಸಿದ ಬಳಿಕವೇ ಕಳುಹಿಸತಕ್ಕದ್ದು.

1995ರಲ್ಲಿ ಮೈಕೇಲ್ ಎಲ್ಕಿನ್ಸ್ ಅವರು ಆರಂಭಿಸಿದ ‘ಮಟ್’ ಎಂಬ ತಂತ್ರಾಂಶ ಮೈಮ್ ನಿಯಮವನ್ನು ಅರಿತದ್ದು. ಇದರಲ್ಲಿ ಪತ್ರ ದಾಟಿಸಲು ಮೂರು ಮಾರ್ಗಗಳಿವೆ. ಮೂರರ ವ್ಯತ್ಯಾಸ ತಿಳಿದರೆ ರವಾನೆಯ ಶಾಸ್ತ್ರ ತಿಳಿದಂತೆ.

ಮೊದಲನೆಯದು ಒಳಸೇರಿಕೆ. ಪತ್ರಗಳ ಪಟ್ಟಿಯಲ್ಲಿ ಬೇಕಾದುದನ್ನು ಆರಿಸಿ ಎಫ್ ಕೀಲಿ ಒತ್ತಿದರೆ ತಂತ್ರಾಂಶ ವಿಳಾಸ ಕೇಳುತ್ತದೆ. ವಿಷಯದ ಸಾಲಿನಲ್ಲಿ ಮೂಲ ಕಳುಹಿಸಿದವರ ವಿಳಾಸವನ್ನೂ ಮೂಲ ವಿಷಯವನ್ನೂ ಆವರಣದೊಳಗೆ ತಾನೇ ಇಡುತ್ತದೆ. ಮೂಲ ಪತ್ರದ ಮೇಲೆ ಒಂದು ಗೆರೆ, ಕೆಳಗೆ ಒಂದು ಗೆರೆ ಬೀಳುತ್ತದೆ. ಬರೆದು ಉಳಿಸಿ ಹೊರಬಂದು ವೈ ಕೀಲಿ ಒತ್ತಿದರೆ ಪತ್ರ ಹೊರಡುತ್ತದೆ. ಇಲ್ಲಿ ಎರಡು ಅಪಾಯಗಳಿವೆ: ಆ ಗೆರೆಗಳ ನಡುವಿನ ಮೂಲವನ್ನು ಯಾರು ಬೇಕಾದರೂ ತಿದ್ದಬಹುದು; ಹಳೆಯ ಆವೃತ್ತಿಗಳಲ್ಲಿ ಮೂಲದ ಲಗತ್ತುಗಳು ಹಿಂದೆ ಉಳಿದುಬಿಡಬಹುದು.

ಎರಡನೆಯದು ಲಗತ್ತು. ಮಟ್‌ನ ವ್ಯವಸ್ಥಾ ಕಡತದಲ್ಲಿ ‘ಮೈಮ್ ಫಾರ್ವರ್ಡ್’ ಎಂಬ ಆಯ್ಕೆಯಿದೆ. ರೋಮನ್ ಅಕ್ಷರಗಳಲ್ಲಿ, ಎರಡು ಪದಗಳ ನಡುವೆ ಅಡಿಗೆರೆಯಿಟ್ಟು ಬರೆಯುವ ಆ ಆಯ್ಕೆಗೆ ‘ಯೆಸ್’ ಎಂಬ ಬೆಲೆ ಕೊಟ್ಟರೆ, ಮೂಲ ಪತ್ರ ತನ್ನ ಶಿರೋಭಾಗ, ದಿನಾಂಕ, ಲಿಪಿಸೂಚನೆ, ಲಗತ್ತುಗಳ ಸಮೇತ ಒಂದು ಲಕೋಟೆಯಾಗಿ ಹೊಸ ಪತ್ರದ ಜೊತೆ ಹೋಗುತ್ತದೆ. ಸುತ್ತೋಲೆಗಳಿಗೆ ಇದೇ ಉತ್ತಮ ಮಾರ್ಗ. ಜಾಲತಾಣದಲ್ಲಿ ತೆರೆದ ಜಿಮೇಲ್‌ನಲ್ಲಿಯೂ ಪತ್ರವನ್ನು ಲಗತ್ತಾಗಿ ರವಾನಿಸುವ ಆಯ್ಕೆ ಇದೆ. ಮಟ್ ಬಳಸದ ಶಿಕ್ಷಕರು ಅದನ್ನು ಬಳಸಬಹುದು.

ಮೂರನೆಯದು ಮರುದಾಟಿಸುವಿಕೆ. ಬಿ ಕೀಲಿ ಒತ್ತಿದರೆ ಮೂಲ ಪತ್ರ, ಕಳುಹಿಸಿದವರ ಹೆಸರೂ ಬದಲಾಗದೆ, ಇನ್ನೊಂದು ವಿಳಾಸಕ್ಕೆ ಹೋಗುತ್ತದೆ. ತಪ್ಪಿ ಬಂದ ಪತ್ರವನ್ನು ತಕ್ಕವರಿಗೆ ಮುಟ್ಟಿಸಲು ಇದು ಅನುಕೂಲ. ಆದರೆ ದಾಟಿಸಿದವರ ಮಾತಿಗೆ ಇಲ್ಲಿ ಎಡೆಯಿಲ್ಲ. ಇಂದಿನ ಕೆಲವು ಅಂಚೆ ವ್ಯವಸ್ಥೆಗಳು ಇಂಥ ಪತ್ರವನ್ನು ಶಂಕಿಸಿ ತಡೆಯುವುದೂ ಉಂಟು.

ಇನ್ನು ಮುಖಪತ್ರದ ವಿಚಾರ. ತೆಲುಗು ಸುತ್ತೋಲೆಯನ್ನು ಕನ್ನಡ ಶಾಲೆಗೆ ದಾಟಿಸುವ ಶಿಕ್ಷಕರು ಅನುವಾದಕರೂ ಆಗುತ್ತಾರೆ. ಯಾವ ಕಚೇರಿಯ ಪತ್ರ, ಯಾವ ದಿನಾಂಕದ್ದು, ಶಾಲೆ ಏನು ಮಾಡಬೇಕು, ಎಂದಿನೊಳಗೆ ಮಾಡಬೇಕು ಎಂಬುದನ್ನು ಕನ್ನಡದಲ್ಲಿ ನಾಲ್ಕು ಸಾಲುಗಳಲ್ಲಿ ಬರೆಯಬೇಕು. ಇದು ಸಾರಾಂಶವೆಂದೂ ಬರೆದವರು ಯಾರೆಂದೂ ತಿಳಿಸಬೇಕು. ಮೂಲವನ್ನು ಮುಟ್ಟದೆ ಲಗತ್ತಿಸಬೇಕು. ಸಾರಾಂಶದಲ್ಲಿ ಒಂದು ದಿನಾಂಕ ತಪ್ಪಿದರೂ ಓದುವವರು ಮೂಲವನ್ನು ನೋಡಿ ತಿದ್ದಿಕೊಳ್ಳುವರು. ಮೂಲವಿಲ್ಲದೆ ಸಾರಾಂಶ ಮಾತ್ರ ಕೈಯಿಂದ ಕೈಗೆ ಹೋದರೆ ತಪ್ಪೇ ಆಜ್ಞೆಯಾಗಿಬಿಡುತ್ತದೆ. ಮಕ್ಕಳ ಹೆಸರು, ಜನ್ಮದಿನಾಂಕ, ಆಧಾರ್ ಸಂಖ್ಯೆ ಇರುವ ಪಟ್ಟಿಯನ್ನು ಸಂಬಂಧಪಟ್ಟವರಿಗಲ್ಲದೆ ಬೇರಾರಿಗೂ ದಾಟಿಸಬಾರದು. ಮೂಲ ಪತ್ರವನ್ನು ಇಡಿಯಾಗಿ ಲಗತ್ತಿಸಿದಾಗ ಅದರೊಳಗಿನ ಎಲ್ಲ ವಿಳಾಸಗಳೂ ಲಗತ್ತುಗಳೂ ಜೊತೆಯಲ್ಲಿ ಹೋಗುತ್ತವೆ ಎಂಬುದನ್ನು ಕಳುಹಿಸುವ ಮೊದಲು ನೆನೆಯಬೇಕು.

ತರಬೇತಿಯಲ್ಲಿ ಮೂವರು ಶಿಕ್ಷಕರ ಗುಂಪು ಮಾಡಿ ಈ ಅಭ್ಯಾಸ ನಡೆಸಬಹುದು. ಮೊದಲನೆಯವರು ಒಂದು ಕನ್ನಡ ವಾಕ್ಯವನ್ನೂ ಒಂದು ಪಟ್ಟಿಯನ್ನೂ ಎರಡನೆಯವರಿಗೆ ಕಳುಹಿಸಲಿ. ಎರಡನೆಯವರು ಅದನ್ನು ಒಮ್ಮೆ ಒಳಸೇರಿಸಿ, ಒಮ್ಮೆ ಲಗತ್ತಿಸಿ, ಒಮ್ಮೆ ಮರುದಾಟಿಸಿ ಮೂರನೆಯವರಿಗೆ ಕಳುಹಿಸಲಿ. ಮೂರನೆಯವರು ಪ್ರತಿಯೊಂದನ್ನೂ ತೆರೆದು ನಾಲ್ಕು ಪ್ರಶ್ನೆಗಳಿಗೆ ಉತ್ತರ ಬರೆಯಲಿ: ಮೊದಲು ಬರೆದವರು ಯಾರು? ದಾಟಿಸಿದವರು ಯಾರು? ಕನ್ನಡ ಅಕ್ಷರಗಳು ಸರಿಯಾಗಿವೆಯೇ? ಪಟ್ಟಿ ಬಂದಿದೆಯೇ? ಬಳಿಕ ಸ್ಥಾನಗಳನ್ನು ಬದಲಿಸಿಕೊಳ್ಳಬೇಕು. ಒಂದು ತರಗತಿಯ ಅವಧಿ ಇದಕ್ಕೆ ಸಾಕು.

ಕಚೇರಿಯ ಆವಕ-ಜಾವಕ ವಹಿಯಲ್ಲಿ ಸಂಖ್ಯೆ, ದಿನಾಂಕ, ಎಲ್ಲಿಂದ, ಎಲ್ಲಿಗೆ ಎಂದು ಬರೆಯುವ ರೂಢಿ ಶಿಕ್ಷಕರಿಗೆ ಹೊಸದಲ್ಲ. ಮಿಂಚಂಚೆಯಲ್ಲಿ ಆ ವಹಿ ಪತ್ರದ ಶಿರೋಭಾಗದೊಳಗೇ ಇದೆ. ಅದನ್ನು ಕಳಚದೆ ದಾಟಿಸಿದರೆ ಸಾಕು. ಅಗಳಿಯ ಶಾಲೆಯಲ್ಲಿ ಪತ್ರ ತೆರೆದವರಿಗೆ ಅದು ಎಲ್ಲಿ ಹುಟ್ಟಿತು, ಯಾರ ಕೈ ದಾಟಿ ಬಂತು, ತಮಗೆ ಏನು ಹೇಳುತ್ತಿದೆ ಎಂಬುದು ಮತ್ತೊಬ್ಬರನ್ನು ಕೇಳದೆ ತಿಳಿಯುತ್ತದೆ.